ಅಕ್ಕನ ಜರ್ಮನ್ ಕ್ಲಾಸಿಗೆ ಲೈಪ್‌ಜಿಗ್‌ನಿಂದ ಒಂದು ಕಾಗದ

ಲೈಪ್‌ಜಿಗ್, ನವೆಂಬರ್

ಪ್ರೀತಿಯ ಅಕ್ಕಾ,

ಮನೆಯಲ್ಲಿ ಎಲ್ಲರೂ ಕ್ಷೇಮ ಅಂದುಕೊಂಡಿದ್ದೇನೆ. ಅಮ್ಮನ ಮಂಡಿನೋವು ಹೇಗಿದೆ? ಭಾವ ಮಣಿಪಾಲಕ್ಕೆ ತೋರಿಸಲು ಕರೆದುಕೊಂಡು ಹೋಗುತ್ತೇನೆ ಅಂದಿದ್ದರು, ಹೋಗಿ ಬಂದರಾ? ಇಲ್ಲಿ ಚಳಿ ಶುರುವಾಗಿದೆ, ನಾಲ್ಕೂವರೆಯೊಳಗೆ ಕತ್ತಲು. ನಾನು ಆರಾಮಾಗಿದ್ದೇನೆ, ಊಟಕ್ಕೆ ತೊಂದರೆ ಇಲ್ಲ ಅಂತ ಅಮ್ಮನಿಗೆ ಹೇಳು.

ಈ ಕಾಗದ ಮುಖ್ಯವಾಗಿ ನಿನಗೆ. ಅವತ್ತು ಫೋನಿನಲ್ಲಿ ನೀನು ಕೇಳಿದೆಯಲ್ಲ, ಅಲ್ಲಿ ಜರ್ಮನ್ ಕಲಿಯುವ ಮಕ್ಕಳಿಗೆ ಮಾರ್ಕ್ಸ್ ಹೇಗೆ ಕೊಡುತ್ತಾರೆ ಅಂತ. ಅದಕ್ಕೆ ವಾಯ್ಸ್ ಮೆಸೇಜಿನಲ್ಲಿ ಉತ್ತರ ಹೇಳಿದರೆ ಅರ್ಧ ಬಿಟ್ಟುಹೋಗುತ್ತದೆ. ನಿನ್ನ ಏಳನೇ ಕ್ಲಾಸಿನವರು 40ಕ್ಕೆ 36, 38 ತೆಗೆಯುತ್ತಾರೆ, ಆದರೆ ಎದ್ದು ನಿಂತು ಎರಡು ಮಾತು ಆಡು ಅಂದರೆ ಬಾಯಿ ಕಟ್ಟಿದ ಹಾಗೆ ನಿಲ್ಲುತ್ತಾರೆ ಅಂದೆ. ಮಕ್ಕಳದ್ದು ತಪ್ಪಲ್ಲ ಅಕ್ಕಾ, ನಿನ್ನದೂ ಅಲ್ಲ. ಆ 40 ಮಾರ್ಕ್ಸಿನ ಪೇಪರಿನಲ್ಲಿ ಮಾತಿಗೆ ಒಂದು ಮಾರ್ಕ್ಸೂ ಇಲ್ಲ. ಬಿಟ್ಟ ಸ್ಥಳ ತುಂಬಿರಿ, ಹೊಂದಿಸಿ ಬರೆಯಿರಿ, ಕ್ರಿಯಾಪದದ ರೂಪ ಬರೆಯಿರಿ, ಇಷ್ಟೇ. ಪರೀಕ್ಷೆಯಲ್ಲಿ ಏನು ಕೇಳುತ್ತಾರೋ ಮಕ್ಕಳು ಅದನ್ನೇ ಕಲಿಯುತ್ತಾರೆ. ಜಗತ್ತಿನ ಎಲ್ಲ ಮಕ್ಕಳೂ ಹಾಗೇ.

ನಾನು ವಾರಕ್ಕೊಮ್ಮೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುವ ಶಾಲೆಯ ಕಥೆ ಹೇಳುತ್ತೇನೆ. ಓದಿನ ಭಾಗವಾಗಿಯೇ ಹೀಗೆ ಶಾಲೆಗೆ ಹೋಗಿ ಪಾಠ ನೋಡಬೇಕು. ಇಲ್ಲಿ ಸ್ಯಾಕ್ಸನಿ ರಾಜ್ಯದಲ್ಲಿ ಹೊರದೇಶದಿಂದ ಬಂದ ಮಕ್ಕಳಿಗೆ ಮೂರು ಹಂತ ಇದೆ. ಮೊದಲು ಜರ್ಮನ್ ಮಾತ್ರ ಕಲಿಸುವ ಪ್ರತ್ಯೇಕ ತರಗತಿ. ಆಮೇಲೆ ಚಿತ್ರಕಲೆ, ಆಟ, ಗಣಿತದಂಥ ಕೆಲವು ಪೀರಿಯಡ್‌ಗೆ ಉಳಿದ ಮಕ್ಕಳ ಜೊತೆ ಕೂರಿಸುತ್ತಾರೆ, ಉಳಿದ ಹೊತ್ತು ಜರ್ಮನ್. ಕೊನೆಗೆ ಪೂರ್ತಿ ಸಾಮಾನ್ಯ ತರಗತಿ, ಜೊತೆಗೆ ಸ್ವಲ್ಪ ಭಾಷೆಯ ಸಹಾಯ. ನಾನು ನೋಡುವುದು ಮೊದಲ ಹಂತದ ತರಗತಿ. ಸಿರಿಯಾ, ಉಕ್ರೇನ್, ವಿಯೆಟ್ನಾಂ ಮಕ್ಕಳೆಲ್ಲ ಒಟ್ಟಿಗೆ, ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುವುದಿಲ್ಲ. ಹಾಗಾಗಿ ಜಗಳ ಆಡುವುದಕ್ಕೂ ಜರ್ಮನ್ನೇ ಬೇಕು.

ಮೊನ್ನೆ ಅಲ್ಲಿ ಮಾತಿನ ಪರೀಕ್ಷೆ ಇತ್ತು. ಇಬ್ಬಿಬ್ಬರು ಮಕ್ಕಳನ್ನು ಒಂದು ಸಣ್ಣ ಮೇಜಿನ ಎದುರುಬದುರು ಕೂರಿಸಿದರು. ಮಧ್ಯದಲ್ಲಿ ಕವುಚಿಟ್ಟ ಕಾರ್ಡುಗಳು. ಒಬ್ಬ ಹುಡುಗ ಕಾರ್ಡ್ ಎತ್ತಿದ, ಕಿಟಕಿಯ ಚಿತ್ರ, ಪಕ್ಕದಲ್ಲಿ ಆಶ್ಚರ್ಯಸೂಚಕ ಚಿಹ್ನೆ. ಅಂದರೆ ಏನಾದರೂ ಮಾಡು ಅಂತ ಎದುರಿನವರಿಗೆ ಹೇಳಬೇಕು. ಅವನು ಸ್ವಲ್ಪ ಹೊತ್ತು ಯೋಚಿಸಿ "ಫೆನ್ಸ್ಟರ್... ಔಫ್... ಬಿಟ್ಟೆ" ಅಂದ. ಕಿಟಕಿ, ತೆರೆ, ದಯವಿಟ್ಟು. ಕ್ರಿಯಾಪದವೇ ಇಲ್ಲ. ಎದುರಿನ ಹುಡುಗಿ ಎದ್ದು ಹೋಗಿ ಕಿಟಕಿ ತೆರೆದು, ಚಳಿ ಅಂತ ಜರ್ಮನ್‌ನಲ್ಲೇ ಗೊಣಗಿ ಬಂದು ಕೂತಳು. ಟೀಚರ್ ತಮ್ಮ ಹಾಳೆಯಲ್ಲಿ ಇಬ್ಬರಿಗೂ ಗುರುತು ಹಾಕಿದರು. ಹುಡುಗನಿಗೆ "ಕೆಲಸ ಆಯಿತು" ಅನ್ನುವ ಕಾಲಮ್‌ನಲ್ಲಿ ಪೂರ್ತಿ, "ವಾಕ್ಯ" ಅನ್ನುವ ಕಾಲಮ್‌ನಲ್ಲಿ ಅರ್ಧ. ಕ್ಲಾಸು ಮುಗಿದ ಮೇಲೆ ನಾನು ಹೋಗಿ ಕೇಳಿದೆ, ವ್ಯಾಕರಣ ಇಷ್ಟು ಬಿಟ್ಟರೆ ಹೇಗೆ ಅಂತ. ಬಿಟ್ಟಿಲ್ಲ, ಅದಕ್ಕೆ ಬೇರೆ ಕಾಲಮ್ ಇದೆಯಲ್ಲ, ಆದರೆ ಎರಡನ್ನೂ ಕಲಸಿ ಒಂದೇ ಮಾರ್ಕ್ಸ್ ಕೊಟ್ಟರೆ ಅವನಿಗೆ ಏನು ಬರುತ್ತದೆ ಏನು ಬರುವುದಿಲ್ಲ ಅಂತ ನನಗೂ ಗೊತ್ತಾಗುವುದಿಲ್ಲ, ಅವನಿಗೂ ಗೊತ್ತಾಗುವುದಿಲ್ಲ ಅಂದರು.

ಈ ಮಾತು ನನಗೆ ತುಂಬಾ ಹಿಡಿಸಿತು. ಇದೊಂದನ್ನು ನೀನು ತೆಗೆದುಕೊಂಡರೂ ಸಾಕು.

ಆದರೆ ಇಲ್ಲಿಯದನ್ನೆಲ್ಲ ಹಾಗೇ ಉಡುಪಿಗೆ ತರಲು ಆಗುವುದಿಲ್ಲ ಅನ್ನುವುದೂ ನಿಜ. ಈ ಮಕ್ಕಳು ಗಂಟೆ ಹೊಡೆದು ಹೊರಗೆ ಬಂದರೆ ಟ್ರಾಮಿನಲ್ಲಿ, ಅಂಗಡಿಯಲ್ಲಿ, ಆಟದ ಮೈದಾನದಲ್ಲಿ ಜರ್ಮನ್ ಕೇಳುತ್ತಾರೆ. ನಿನ್ನ ಮಕ್ಕಳಿಗೆ ವಾರಕ್ಕೆ ಎರಡೋ ಮೂರೋ ಪೀರಿಯಡ್, ಹೊರಗೆ ಬಂದರೆ ತುಳು, ಕನ್ನಡ, ಕೊಂಕಣಿ. ಅದಕ್ಕೇ ಇಲ್ಲಿ ಕಲಿಸುವವರು ಇವೆರಡನ್ನೂ ಬೇರೆ ಬೇರೆ ವಿಷಯ ಅಂತಲೇ ನೋಡುತ್ತಾರೆ. ಒಂದು ಎರಡನೇ ಭಾಷೆಯಾಗಿ ಜರ್ಮನ್, ಇನ್ನೊಂದು ವಿದೇಶಿ ಭಾಷೆಯಾಗಿ ಜರ್ಮನ್. ನಿನ್ನದು ವಿದೇಶಿ ಭಾಷೆಯಾಗಿ ಕಲಿಸುವ ಜರ್ಮನ್. ಅಂದರೆ ನಿನ್ನ ಕ್ಲಾಸಿನ 40 ನಿಮಿಷವೇ ಅವರ ಪಾಲಿನ ಇಡೀ ಜರ್ಮನಿ. ಆ ಹೊತ್ತನ್ನು ಬೋರ್ಡಿನಿಂದ ನೋಟ್ಸ್ ಇಳಿಸಿಕೊಳ್ಳಲು ಖರ್ಚು ಮಾಡಬೇಡ.

ವಿದೇಶಿ ಭಾಷೆಯಾಗಿ ಕಲಿಯುವ ಮಕ್ಕಳಿಗೆ ಒಳ್ಳೆಯ ಮಾದರಿ ಅಂದರೆ ಗೊಯೆಥೆ ಇನ್‌ಸ್ಟಿಟ್ಯೂಟಿನ "ಫಿಟ್ ಇನ್ ಡಾಯ್ಚ್ 1" ಅನ್ನುವ ಪರೀಕ್ಷೆ. ನಮ್ಮ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನ ಅಂದರೆ ಅದೇ ಸಂಸ್ಥೆ. ದೊಡ್ಡವರ ಎ1, ಅಂದರೆ ಮೊದಲ ಮಟ್ಟದ ಪರೀಕ್ಷೆ ಬೇರೆ, ಇದು 10ರಿಂದ 16 ವರ್ಷದವರಿಗೆ. ಕೇಳುವುದು 20 ನಿಮಿಷ, ಓದುವುದು 20, ಬರೆಯುವುದು 20, ಮಾತು 15 ನಿಮಿಷ, ಅದೂ ಗುಂಪಿನಲ್ಲಿ. ಮಾತಿನಲ್ಲಿ ಮೂರು ಭಾಗ: ಮೊದಲು ತನ್ನ ಪರಿಚಯ, ಆಮೇಲೆ ಕಾರ್ಡಿನಲ್ಲಿರುವ ಪದ ಹಿಡಿದು ಪಕ್ಕದವರಿಗೆ ಪ್ರಶ್ನೆ ಕೇಳುವುದು ಮತ್ತು ಉತ್ತರ ಕೊಡುವುದು, ಕೊನೆಗೆ ಆ ಕಿಟಕಿ ಕಾರ್ಡಿನ ಥರ ಏನಾದರೂ ಕೇಳಿಕೊಳ್ಳುವುದು. ಬಿಟ್ಟ ಸ್ಥಳ ತುಂಬುವ ವ್ಯಾಕರಣಕ್ಕೆ ಅಂತ ಪ್ರತ್ಯೇಕ ಭಾಗವೇ ಇಲ್ಲ, ಗಮನಿಸಿದೆಯಾ? ಮಾದರಿ ಪೇಪರು, ಆಡಿಯೋ ಎಲ್ಲ ಅವರ ವೆಬ್‌ಸೈಟಿನಲ್ಲೇ ಪುಕ್ಕಟೆ ಸಿಗುತ್ತದೆ.

ಈ ಎ1, ಎ2, ಬಿ1 ಅನ್ನುವ ಮಟ್ಟಗಳು ಸುಮ್ನೆ ಇಟ್ಟ ಹೆಸರಲ್ಲ. 2001ರಲ್ಲಿ ಕೌನ್ಸಿಲ್ ಆಫ್ ಯುರೋಪ್ ಪ್ರಕಟಿಸಿದ ಚೌಕಟ್ಟು ಅದು. ಪ್ರತಿ ಮಟ್ಟದಲ್ಲೂ ಕಲಿಯುವವರು ಏನು ಮಾಡಬಲ್ಲರು ಅಂತ ಬರೆದಿದೆ, ಯಾವ ವ್ಯಾಕರಣ ಗೊತ್ತು ಅಂತಲ್ಲ. ಗೊಯೆಥೆಯವರ ಬಿ1 ಪರೀಕ್ಷೆಯ ಬರವಣಿಗೆ ತಿದ್ದುವಾಗ ನಾಲ್ಕು ವಿಷಯ ನೋಡುತ್ತಾರೆ: ಕೇಳಿದ ಕೆಲಸ ಮಾಡಿದ್ದಾರಾ, ಮಾತು ಒಂದಕ್ಕೊಂದು ಹೊಂದಿದೆಯಾ, ಶಬ್ದಗಳು, ವಾಕ್ಯರಚನೆ. ಮೊದಲನೆಯದರಲ್ಲಿ ಸೊನ್ನೆ ಬಂದರೆ ಆ ಪ್ರಶ್ನೆಗೇ ಸೊನ್ನೆ, ವ್ಯಾಕರಣ ಎಷ್ಟೇ ಚೊಕ್ಕ ಇರಲಿ. ಮತ್ತೆ ಇಬ್ಬರು ಬೇರೆ ಬೇರೆಯಾಗಿ ತಿದ್ದುತ್ತಾರೆ. ಬಾಯಿಪಾಠ ಮಾಡಿದ ಪ್ರಬಂಧವನ್ನು ಯಾವ ಪ್ರಶ್ನೆಗಾದರೂ ಬರೆದು ಬರುವ ಅಭ್ಯಾಸ ನಮ್ಮಲ್ಲಿ ಎಷ್ಟಿದೆ, ಅದು ಇಲ್ಲಿ ನಡೆಯುವುದಿಲ್ಲ.

ಸರಿ, ನಿನ್ನ 40 ಮಾರ್ಕ್ಸಿಗೆ ಬರೋಣ. ಕೇಳುವುದು 10, ಓದುವುದು 10, ಬರೆಯುವುದು 10, ಮಾತು 10. ಪ್ರಿನ್ಸಿಪಾಲರು ಹೇಳಿದ ಒಟ್ಟು ಅಷ್ಟೇ ಇರುತ್ತದೆ, ಅವರಿಗೆ ರಿಜಿಸ್ಟರ್‌ನಲ್ಲಿ ಏನೂ ತೊಂದರೆ ಇಲ್ಲ. 36 ಮಕ್ಕಳಿಗೆ ಮಾತಿನ ಪರೀಕ್ಷೆ ಯಾವಾಗ ಮಾಡಲಿ ಅಂತ ನೀನು ಕೇಳುತ್ತೀಯ, ಗೊತ್ತು. ಲೆಕ್ಕ ಹಾಕು. ಇಬ್ಬಿಬ್ಬರಂತೆ 18 ಜೋಡಿ, ಜೋಡಿಗೆ ನಾಲ್ಕು ನಿಮಿಷ, ಒಟ್ಟು 72 ನಿಮಿಷ. ಎರಡು ಪೀರಿಯಡ್‌ನಲ್ಲಿ ಮುಗಿಯುತ್ತದೆ. ಉಳಿದವರು ಆ ಹೊತ್ತಿನಲ್ಲಿ ಓದುವ ಮತ್ತು ಬರೆಯುವ ಭಾಗ ಮಾಡಲಿ, ನೀನು ಬಾಗಿಲ ಹತ್ತಿರ ಮೇಜು ಹಾಕಿಕೊಂಡು ಕೂರು. ಮಾತಿನ 10ರಲ್ಲಿ ಕೆಲಸ ಆಯಿತಾ ಅನ್ನುವುದಕ್ಕೆ 4, ಎದುರಿನವರ ಮಾತು ಅರ್ಥ ಮಾಡಿಕೊಂಡು ಉತ್ತರ ಕೊಟ್ಟರಾ ಅನ್ನುವುದಕ್ಕೆ 3, ಶಬ್ದ ಮತ್ತು ವಾಕ್ಯಕ್ಕೆ 2, ಉಚ್ಚಾರಕ್ಕೆ 1. ಈ ಹಾಳೆಯನ್ನು ಪರೀಕ್ಷೆಗೆ ಮೊದಲೇ ಮಕ್ಕಳ ಕೈಗೆ ಕೊಡು. ಅದರಲ್ಲಿ ಗುಟ್ಟು ಮಾಡುವಂಥದ್ದು ಏನೂ ಇಲ್ಲ. ಮಣಿಪಾಲದಲ್ಲಿ ಜರ್ಮನ್ ಕಲಿತವರು ಯಾರಾದರೂ ಗುರುತಿನವರು ಸಿಕ್ಕರೆ ಎರಡನೇ ಪರೀಕ್ಷಕರಾಗಿ ಒಂದು ದಿನ ಬರಲು ಹೇಳು, ಮಕ್ಕಳಿಗೂ ಹೊಸ ಮುಖದ ಜೊತೆ ಮಾತಾಡಿದ ಹಾಗಾಗುತ್ತದೆ.

ಉಚ್ಚಾರಕ್ಕೆ ಒಂದೇ ಮಾರ್ಕ್ಸ್ ಯಾಕೆ ಅಂದರೆ, ಅರ್ಥ ಕೆಡುವ ಕಡೆ ಮಾತ್ರ ಅದನ್ನು ಕತ್ತರಿಸಬೇಕು. ಮೇಲೆ ಎರಡು ಚುಕ್ಕಿ ಇರುವ ü, ö ಸ್ವರಗಳು ನಮ್ಮವರಿಗೆ ಕಷ್ಟ. ನಾಲಿಗೆಯನ್ನು "ಈ" ಅನ್ನುವ ಹಾಗೆ ಇಟ್ಟುಕೊಂಡು ತುಟಿ ಮಾತ್ರ "ಊ" ಮಾಡಿಸು, ಒಂದು ಸ್ವರ ಬರುತ್ತದೆ. "ಏ" ಇಟ್ಟು ತುಟಿ "ಓ" ಮಾಡಿದರೆ ಇನ್ನೊಂದು. ಕನ್ನಡಿ ತಂದು ಮಾಡಿಸು, ಆರನೇ ಕ್ಲಾಸಿನವರು ಖುಷಿಯಿಂದ ಮಾಡುತ್ತಾರೆ.

ನಮ್ಮ ಮಕ್ಕಳಿಗೆ ಇರುವ ಅನುಕೂಲ ಇಲ್ಲಿಯವರಿಗೂ ಇಲ್ಲ ಅಕ್ಕಾ, ಇದನ್ನು ನಾನು ಪ್ರೀತಿಗೆ ಹೇಳುತ್ತಿಲ್ಲ. ಜರ್ಮನ್‌ನಲ್ಲಿ ಮೇಜು ಪುಲ್ಲಿಂಗ, ಫೋರ್ಕ್ ಸ್ತ್ರೀಲಿಂಗ, ಚಾಕು ನಪುಂಸಕ ಅಂದರೆ ಕನ್ನಡ, ತುಳು ಮಾತಾಡುವ ಮಕ್ಕಳಿಗೆ ವಿಚಿತ್ರ ಅನಿಸುತ್ತದೆ. ಆದರೆ ನಿನ್ನ ಕ್ಲಾಸಿನ ಕೊಂಕಣಿ ಮಕ್ಕಳ ಮನೆಮಾತಿನಲ್ಲೇ ವಸ್ತುಗಳಿಗೆ ಮೂರು ಲಿಂಗ ಇದೆ. ಅವರನ್ನೇ ಎಬ್ಬಿಸಿ ಉಳಿದವರಿಗೆ ವಿವರಿಸಲು ಹೇಳು. ಇನ್ನು "ಯಾಕೆಂದರೆ" ಅಂತ ಶುರುವಾಗುವ ಉಪವಾಕ್ಯದಲ್ಲಿ ಜರ್ಮನ್ ಕ್ರಿಯಾಪದ ಕೊನೆಗೆ ಹೋಗುತ್ತದೆ, ಇಂಗ್ಲಿಷ್ ಮಾತಾಡುವವರು ಇದಕ್ಕೆ ಒದ್ದಾಡುತ್ತಾರೆ. ನಮ್ಮ ಮೂರು ಭಾಷೆಯಲ್ಲೂ ಕ್ರಿಯಾಪದ ಕೊನೆಗೇ ಇರುವುದು, ಅಲ್ವಾ? ಪುಸ್ತಕ ಇಂಗ್ಲಿಷಿನ ಮೂಲಕ ಕಲಿಸುತ್ತದೆ ಅಂತ ನೀನೂ ಇಂಗ್ಲಿಷಿನ ಮೂಲಕವೇ ಹೋಗಬೇಕಾಗಿಲ್ಲ.

ಪುಸ್ತಕದ ಪಾಠಗಳ ಬಗ್ಗೆಯೂ ಒಂದು ಮಾತು. ಹಿಮದಲ್ಲಿ ಸ್ಕೀಯಿಂಗ್ ಹೋದ ಕಥೆ ಓದಿ ನಿನ್ನ ವಾರಾಂತ್ಯದ ಬಗ್ಗೆ ಬರೆ ಅಂದರೆ ಮಲ್ಪೆಯ ಹುಡುಗಿ ಏನು ಬರೆಯಬೇಕು? ಅವಳು ಬೋಟಿನ ಬಗ್ಗೆ ಬರೆಯಲಿ, ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿದ್ದನ್ನು ಬರೆಯಲಿ, ರಾತ್ರಿಯಿಡೀ ಯಕ್ಷಗಾನ ನೋಡಿ ಮರುದಿನ ನಿದ್ದೆ ಮಾಡಿದ್ದನ್ನು ಬರೆಯಲಿ. 30 ಪದದ ಇಮೇಲ್ ಸಾಕು. ಓದುವ ಭಾಗಕ್ಕೆ ಮೋಗ್ಲಿಂಗ್ ಬಗ್ಗೆ ನೀನೇ ಆರು ಸರಳ ಸಾಲು ಬರೆದು ಕೊಡಬಹುದು: ಜರ್ಮನಿಯಿಂದ ಬಂದರು, ಮಂಗಳೂರಿನಲ್ಲಿದ್ದರು, 1843ರಲ್ಲಿ "ಮಂಗಳೂರ ಸಮಾಚಾರ" ಶುರು ಮಾಡಿದರು, ಅದು ಕನ್ನಡದ ಮೊದಲ ಪತ್ರಿಕೆ. ಮಕ್ಕಳಿಗೆ ಗೊತ್ತಿರುವ ಊರು, ಹೊಸ ಭಾಷೆ. ಕಿಟೆಲ್ ಬಗ್ಗೆ ಎಂಟನೆಯವರಿಗೆ ಬರೆ, 1894ರ ನಿಘಂಟಿನ ವಿಷಯ ಬಂದರೆ ಭೂತಕಾಲವೂ ಕಲಿಸಿದ ಹಾಗಾಯಿತು.

ತಿದ್ದುವಾಗ ಎಲ್ಲ ತಪ್ಪಿಗೂ ಕೆಂಪು ಗೆರೆ ಎಳೆಯಬೇಡ. ಕಲಿಸಿ ಮುಗಿದದ್ದನ್ನು ಮಾತ್ರ ಹಿಡಿ. ಇಲ್ಲಿಯ ಟೀಚರ್‌ಗಳು ಅಂಚಿನಲ್ಲಿ ಒಂದೊಂದು ಅಕ್ಷರ ಬರೆಯುತ್ತಾರೆ, ಕಾಗುಣಿತಕ್ಕೆ ಒಂದು, ವ್ಯಾಕರಣಕ್ಕೆ ಒಂದು, ವಾಕ್ಯಕ್ಕೆ ಒಂದು. ಸರಿ ಉತ್ತರ ಬರೆದು ಕೊಡುವುದಿಲ್ಲ, ಮಗುವೇ ಹುಡುಕಿ ತಿದ್ದಿ ಮತ್ತೆ ತೋರಿಸಬೇಕು. ನಿನಗೂ ಸಮಯ ಉಳಿಯುತ್ತದೆ.

ಪೋಷಕರಿಗೆ ಹೇಗೆ ಹೇಳಲಿ ಅಂದೆ. ಮೊದಲ ಪರೀಕ್ಷೆಯಲ್ಲಿ ಮಾರ್ಕ್ಸ್ ಇಳಿಯುತ್ತದೆ, ಅವರು ಶಾಲೆಗೆ ಬರುತ್ತಾರೆ, ಅದು ಖಂಡಿತ. ಇಲ್ಲಿ 1 ಅಂದರೆ ಅತ್ಯುತ್ತಮ, 6 ಅಂದರೆ ಫೇಲು, ಆದರೂ ಅಪ್ಪ ಅಮ್ಮಂದಿರ ಚಿಂತೆ ಒಂದೇ. ಮಂಗಳೂರಿನಲ್ಲಿ ನರ್ಸಿಂಗ್ ಮುಗಿಸಿ ಜರ್ಮನಿಗೆ ಹೊರಟವರು ಬಿ1, ಬಿ2 ಅಂತ ಎಷ್ಟು ಕಷ್ಟಪಡುತ್ತಾರೆ ಅಂತ ಅವರೂ ನೋಡಿರುತ್ತಾರೆ. ಅಲ್ಲಿ ಕೇಳುವುದು ಮಾತು, ಬಿಟ್ಟ ಸ್ಥಳ ಅಲ್ಲ ಅಂತ ಹೇಳು. ಅದಕ್ಕಿಂತ ಒಳ್ಳೆಯದು, ಒಂದು ಶನಿವಾರ ಪೋಷಕರನ್ನು ಕರೆಸಿ ನಾಲ್ಕು ಜೋಡಿ ಮಕ್ಕಳಿಂದ ಅವರ ಎದುರೇ ಮಾತಾಡಿಸಿಬಿಡು. ತಮ್ಮ ಮಗು ಜರ್ಮನ್‌ನಲ್ಲಿ ಪ್ರಶ್ನೆ ಕೇಳಿ ಉತ್ತರ ಪಡೆಯುವುದನ್ನು ನೋಡಿದ ತಾಯಿ 38 ಯಾಕೆ 31 ಆಯಿತು ಅಂತ ಜಗಳಕ್ಕೆ ನಿಲ್ಲುವುದಿಲ್ಲ ಅಂತ ನನ್ನ ನಂಬಿಕೆ.

ಮುಂದಿನ ಯೂನಿಟ್ ಟೆಸ್ಟಿನ ಪೇಪರು ತಯಾರಾದ ಮೇಲೆ ಫೋಟೋ ತೆಗೆದು ಕಳಿಸು, ಭಾನುವಾರ ನೋಡಿ ಹೇಳುತ್ತೇನೆ. ಕೇಳುವ ಭಾಗಕ್ಕೆ ದನಿ ಬೇಕಿದ್ದರೆ ನನ್ನ ಹಾಸ್ಟೆಲಿನ ಗೆಳತಿಯರು ರೆಕಾರ್ಡ್ ಮಾಡಿ ಕೊಡಲು ಒಪ್ಪಿದ್ದಾರೆ. ನೀನು ಸಂಭಾಷಣೆ ಬರೆದು ಕಳಿಸಬೇಕು, ಒಂದೊಂದೂ ಅರ್ಧ ನಿಮಿಷಕ್ಕಿಂತ ಜಾಸ್ತಿ ಬೇಡ, ಕ್ಲಾಸಿನಲ್ಲಿ ಎರಡು ಸಲ ಕೇಳಿಸು. ಅಪ್ಪನಿಗೆ, ಭಾವನಿಗೆ ನನ್ನ ನಮಸ್ಕಾರ ಹೇಳು. ಪುಟ್ಟಿಗೆ ಮುತ್ತು. ಅಮ್ಮನ ಡಾಕ್ಟರು ಏನಂದರು ಅಂತ ಮರೆಯದೆ ಬರೆ.

ನಿನ್ನ ತಂಗಿ