ಹೊಸ ಪ್ಯಾಕೇಜ್ ಸೇರಿಸುವ ಮೊದಲು ಅನಾಥವಾಗಿರುವುದನ್ನು ನೋಡಿ

ಸಂಪಾದಕರೇ,

ಲಿನಕ್ಸ್ ಕಲಿಯುವ ವಿದ್ಯಾರ್ಥಿಗಳಿಗೆ ಕಾರ್ಯಾಗಾರಗಳಲ್ಲೂ ಪತ್ರಿಕೆಗಳ ತಂತ್ರಜ್ಞಾನ ಪುಟಗಳಲ್ಲೂ ಮತ್ತೆ ಮತ್ತೆ ಸಿಗುವ ಸಲಹೆ ಒಂದಿದೆ: ಮುಕ್ತ ತಂತ್ರಾಂಶಕ್ಕೆ ಏನಾದರೂ ಮಾಡಬೇಕೆಂದಿದ್ದರೆ, ನಿಮಗಿಷ್ಟವಾದ ಪ್ರೋಗ್ರಾಮ್ ಒಂದನ್ನು ಪ್ಯಾಕೇಜ್ (ಸುಲಭವಾಗಿ ಹಾಕಿಕೊಳ್ಳುವಂತೆ ಕಟ್ಟಿದ ರೂಪ) ಮಾಡಿ ಡಿಸ್ಟ್ರೊಗೆ, ಅಂದರೆ ಲಿನಕ್ಸ್ ಮತ್ತು ಅದರ ತಂತ್ರಾಂಶಗಳ ಸಿದ್ಧ ಸಂಗ್ರಹಕ್ಕೆ, ಸೇರಿಸಿ. ಸದುದ್ದೇಶದ ಮಾತೇ. ಆದರೆ ಡೆಬಿಯನ್‌ನಂತೆ ಸ್ವಯಂಸೇವಕರೇ ನಡೆಸುವ ಡಿಸ್ಟ್ರೊಗಳಿಗೆ ಈ ಸಲಹೆಯಿಂದ ಉಪಕಾರಕ್ಕಿಂತ ಭಾರವೇ ಹೆಚ್ಚು. 2025ರ ಆಗಸ್ಟ್ 9ರಂದು ಬಿಡುಗಡೆಯಾದ ಡೆಬಿಯನ್ 13ರಲ್ಲಿ 69,830 ಪ್ಯಾಕೇಜ್‌ಗಳಿವೆ. ಅದೇ ಬಿಡುಗಡೆಯಲ್ಲಿ 8,840ಕ್ಕೂ ಹೆಚ್ಚು ಪ್ಯಾಕೇಜ್‌ಗಳನ್ನು ಹಳತಾದವೆಂದು ತೆಗೆದುಹಾಕಲಾಯಿತು. ಅವುಗಳಲ್ಲಿ ಕಾಲ ಮುಗಿದವೂ ಇರುತ್ತವೆ, ಯಾರೋ ಉತ್ಸಾಹದಿಂದ ಸೇರಿಸಿ ಆಮೇಲೆ ತಿರುಗಿ ನೋಡದವೂ ಇರುತ್ತವೆ.

ಪ್ಯಾಕೇಜ್ ಕಟ್ಟುವುದು ಒಂದು ವಾರಾಂತ್ಯದ ಕೆಲಸ. ಅದನ್ನು ನೋಡಿಕೊಳ್ಳುವುದು ವರ್ಷಗಳ ಕೆಲಸ. ಒಂದು ಸ್ಥಿರ ಆವೃತ್ತಿಗೆ ಮೂರು ವರ್ಷ ಪೂರ್ಣ ಬೆಂಬಲ, ಆಮೇಲೆ ಎರಡು ವರ್ಷ ದೀರ್ಘಾವಧಿ ಬೆಂಬಲ, ಹೀಗೆ ಐದು ವರ್ಷ ಆ ಕೋಡಿನ ಭದ್ರತಾ ತೊಂದರೆಗಳು ಯಾರದೋ ತಲೆಯ ಮೇಲೆ ಇರುತ್ತವೆ. ಈ ಕೆಲಸ ಹೇಗಿರುತ್ತದೆ ಎಂಬುದು ಹೊರಗಿನವರಿಗೆ ಕಾಣುವುದು ಕಡಿಮೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೂಲ ಯೋಜನೆಯವರು, ಅಂದರೆ ಪ್ರೋಗ್ರಾಮ್ ಬರೆಯುವವರು, 2.3 ಆವೃತ್ತಿ ಆದಮೇಲೆ 2.4 ಹೊರತಂದರು ಎಂದಿಟ್ಟುಕೊಳ್ಳಿ. ಪ್ಯಾಕೇಜಿನೊಳಗಿನ ವಾಚ್ ಕಡತವನ್ನು ಓದಿಕೊಂಡು ಯುಸ್ಕ್ಯಾನ್ ಎಂಬ ಸಾಧನ ಹೊಸ ಟಾರ್‌ಬಾಲ್ (ಮೂಲ ಕೋಡನ್ನೆಲ್ಲ ಒಟ್ಟುಗೂಡಿಸಿದ ಕಡತ) ಇಳಿಸಿಕೊಳ್ಳುತ್ತದೆ, ಬಿಡುಗಡೆ ಮಾಡಿದವರ ಕೀಲಿಯನ್ನು ಮೊದಲೇ ಇಟ್ಟಿದ್ದರೆ ಸಹಿಯನ್ನೂ ತಾಳೆ ನೋಡುತ್ತದೆ. ಇದು ನಿಮಿಷದ ಮಾತು. ಆಮೇಲೆ 2.3ಕ್ಕೂ 2.4ಕ್ಕೂ ಇರುವ ವ್ಯತ್ಯಾಸವನ್ನು ಕೂತು ಓದಬೇಕು. ಹೊಸ ಕಡತಗಳ ಲೈಸೆನ್ಸ್ ಯಾವುದು? ಮೂಲ ಕೋಡ್ ಇಲ್ಲದೆ ಮಿನಿಫೈ ಮಾಡಿದ (ಓದಲಾಗದಂತೆ ಕುಗ್ಗಿಸಿದ) ಜಾವಾಸ್ಕ್ರಿಪ್ಟ್ ಎಲ್ಲೋ ಮೂಲೆಯಲ್ಲಿ ಬಂದು ಕೂತಿದ್ದರೆ ಅದು ಡೆಬಿಯನ್ ಒಳಗೆ ಬರುವಂತಿಲ್ಲ. ಇಂಟರ್ನೆಟ್ ಮಾನದಂಡಗಳ ಆರ್‌ಎಫ್‌ಸಿ ಪಠ್ಯಗಳನ್ನು ಬೇಕಾದಂತೆ ತಿದ್ದಿ ಹಂಚಲು ಅನುಮತಿಯಿಲ್ಲದ ಕಾರಣ ಅವನ್ನೂ ತೆಗೆಯಬೇಕು. ಹೀಗೆ ತೆಗೆದು ಮತ್ತೆ ಕಟ್ಟಿದ ಟಾರ್‌ಬಾಲಿನ ಆವೃತ್ತಿ ಸಂಖ್ಯೆಗೆ '+ಡಿಎಫ್‌ಎಸ್‌ಜಿ' (ಡೆಬಿಯನ್‌ನ ಮುಕ್ತ ತಂತ್ರಾಂಶ ನಿಯಮಗಳ ಇಂಗ್ಲಿಷ್ ಹೆಸರಿನ ಹ್ರಸ್ವರೂಪ) ಎಂಬ ಬಾಲ ಸೇರುತ್ತದೆ. ಆವೃತ್ತಿ ಸಂಖ್ಯೆಯಲ್ಲಿ ಆ ಬಾಲ ಕಂಡರೆ, ಯಾರೋ ಕಡತ ಕಡತವನ್ನೂ ತೆರೆದು ನೋಡಿದ್ದಾರೆ ಎಂದು ತಿಳಿಯಬಹುದು.

ಮುಂದಿನದು ಪ್ಯಾಚ್, ಅಂದರೆ ಮೂಲ ಕೋಡಿನ ಮೇಲೆ ಡೆಬಿಯನ್ ಹಾಕುವ ತಿದ್ದುಪಡಿ. ಹಿಂದಿನ ಆವೃತ್ತಿಗೆಂದು ಬರೆದ ಪ್ಯಾಚ್ ಹೊಸ ಕೋಡಿನ ಮೇಲೆ ಸರಿಯಾಗಿ ಕೂರದೆ, ಅಕ್ಕಪಕ್ಕದ ಸಾಲುಗಳನ್ನು ಅಂದಾಜಿನ ಮೇಲೆ ಹೊಂದಿಸಿಕೊಂಡು ಕೂರಬಹುದು. ಇದಕ್ಕೆ ಫಜ್ ಎನ್ನುತ್ತಾರೆ. ಡೆಬಿಯನ್‌ನ ಸಾಧನ ಫಜ್ ಇರುವ ಪ್ಯಾಚನ್ನು ಒಪ್ಪುವುದೇ ಇಲ್ಲ. ಅವಸರದವರು, ಪ್ಯಾಚನ್ನು ಈಗ ಕೂತ ಜಾಗಕ್ಕೇ ಹೊಸದಾಗಿ ಬರೆದುಬಿಡುವ 'ಕ್ವಿಲ್ಟ್ ರಿಫ್ರೆಶ್' ಆಜ್ಞೆ ಕೊಟ್ಟು ಅದರ ಬಾಯಿ ಮುಚ್ಚಿಸಿ ಮುಂದೆ ಹೋಗುತ್ತಾರೆ. ಒಂದೇ ರೀತಿಯ ಎರಡು ಫಂಕ್ಷನ್‌ಗಳಿರುವ ಕಡತದಲ್ಲಿ ಪ್ಯಾಚ್ ಪಕ್ಕದ ಫಂಕ್ಷನ್ನಿಗೆ ಹೋಗಿ ಕೂತಿದ್ದರೂ ಕಂಪೈಲ್ ಆಗುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ರಿಫ್ರೆಶ್ ಕೊಡುವ ಮೊದಲು ಪ್ಯಾಚ್ ತನ್ನ ಜಾಗದಲ್ಲೇ ಇದೆಯೇ ಎಂದು ಕಣ್ಣಾರೆ ನೋಡುವುದಷ್ಟೇ ಇದಕ್ಕಿರುವ ಮದ್ದು.

ಬಿಲ್ಡ್ ಮಾಡುವುದನ್ನು, ಅಂದರೆ ಕೋಡಿನಿಂದ ಪ್ಯಾಕೇಜ್ ತಯಾರಿಸುವುದನ್ನು, ತನ್ನ ದಿನಬಳಕೆಯ ಯಂತ್ರದಲ್ಲಿ ಮಾಡಬಾರದು. ಅಲ್ಲಿ ಹಿಂದೆಂದೋ ಹಾಕಿಕೊಂಡ ನೂರಾರು ಲೈಬ್ರರಿಗಳಿರುತ್ತವೆ (ಹಲವು ಪ್ರೋಗ್ರಾಮ್‌ಗಳು ಹಂಚಿಕೊಳ್ಳುವ ಕೋಡ್), ಬಿಲ್ಡ್‌ಗೆ ಬೇಕಾದುದನ್ನು ಕಂಟ್ರೋಲ್ ಕಡತದಲ್ಲಿ ಬರೆಯಲು ಮರೆತದ್ದು ಗೊತ್ತೇ ಆಗುವುದಿಲ್ಲ. ಎಸ್‌ಬಿಲ್ಡ್ ಎಂಬ ಸಾಧನ ಪ್ರತಿ ಸಲ ಬರಿದಾದ, ಕನಿಷ್ಠ ಸಲಕರಣೆಯ ವಾತಾವರಣವೊಂದನ್ನು ಸಿದ್ಧಪಡಿಸಿ, ಪಟ್ಟಿಯಲ್ಲಿ ಬರೆದದ್ದನ್ನು ಮಾತ್ರ ಹಾಕಿಕೊಂಡು ಬಿಲ್ಡ್ ಮಾಡುತ್ತದೆ. ಬಿಲ್ಡ್ ನಡೆಯುವಾಗ ಇಂಟರ್ನೆಟ್ಟಿನಿಂದ ಏನನ್ನೂ ಇಳಿಸಿಕೊಳ್ಳುವಂತಿಲ್ಲ. ಇದು ಮಡಿವಂತಿಕೆಯಲ್ಲ. ಇವತ್ತು ಇಳಿಸಿಕೊಂಡದ್ದು ಐದು ವರ್ಷದ ನಂತರ ಭದ್ರತಾ ತಿದ್ದುಪಡಿ ಮಾಡುವ ದಿನ ಅಲ್ಲಿ ಇರುತ್ತದೆಂಬ ಖಾತರಿ ಇಲ್ಲ. ಬಿಲ್ಡ್ ಆದಮೇಲೆ ಲಿಂಟಿಯನ್ ನಿಯಮದೋಷಗಳನ್ನು ಹೇಳುತ್ತದೆ, ಪಿಯುಪಾರ್ಟ್ಸ್ ಪ್ಯಾಕೇಜನ್ನು ಹಾಕಿ, ಮೇಲ್ದರ್ಜೆಗೇರಿಸಿ, ಪೂರ್ತಿ ಕಿತ್ತು, ಹಿಂದೆ ಏನಾದರೂ ಕಸ ಉಳಿಯಿತೇ ಎಂದು ನೋಡುತ್ತದೆ.

ಇಷ್ಟಾದರೂ ಬೇರೆ ಆರ್ಕಿಟೆಕ್ಚರ್‌ಗಳಲ್ಲಿ (ಪ್ರೊಸೆಸರ್ ಮಾದರಿಗಳಲ್ಲಿ) ಎಡವುವುದುಂಟು. ಡೆಬಿಯನ್ 13 ಏಳು ಆರ್ಕಿಟೆಕ್ಚರ್‌ಗಳಿಗೆ ಬಿಡುಗಡೆಯಾಗಿದೆ. ಸಿ ಭಾಷೆಯ ಹಳೆಯ ಪ್ರೋಗ್ರಾಮ್‌ಗಳಲ್ಲಿ ತುಂಬ ಸಲ ಸಿಗುವ ತಪ್ಪೊಂದನ್ನು ಹೇಳುತ್ತೇನೆ. ಒಂದೊಂದೇ ಅಕ್ಷರ ಓದುವ ಗೆಟ್‌ಚಾರ್ ಫಂಕ್ಷನ್ ಕೊಡುವುದು ಇಂಟ್ (ದೊಡ್ಡ ಪೂರ್ಣಾಂಕ), ಅದನ್ನು ಚಾರ್ (ಒಂದೇ ಬೈಟಿನ) ವೇರಿಯಬಲ್ಲಿನಲ್ಲಿ ಇಟ್ಟುಕೊಂಡು, ಕಡತ ಮುಗಿದದ್ದನ್ನು ತಿಳಿಸುವ −1 ಬಂದಿತೇ ಎಂದು ಲೂಪ್ ಪರೀಕ್ಷಿಸುತ್ತಿರುತ್ತದೆ. ಇಂಟೆಲ್ ಮಾದರಿಯ ಯಂತ್ರದಲ್ಲಿ ಚಾರ್‌ಗೆ ಋಣ ಸಂಖ್ಯೆ ಹಿಡಿಸುತ್ತದೆ, ಲೂಪ್ ನಿಲ್ಲುತ್ತದೆ. ಲಿನಕ್ಸ್ ನಡೆಸುವ ಆರ್ಮ್ ಯಂತ್ರದಲ್ಲಿ ಚಾರ್ ಎಂದರೆ 0ಯಿಂದ 255ರವರೆಗೆ ಮಾತ್ರ. −1 ಹೋಗಿ 255 ಆಗುತ್ತದೆ, 255 ಎಂದೂ −1ಕ್ಕೆ ಸಮನಾಗುವುದಿಲ್ಲ, ಲೂಪ್ ತಿರುಗುತ್ತಲೇ ಇರುತ್ತದೆ. ಬಿಲ್ಡ್ ಸರ್ವರಿನ ಲಾಗ್‌ನಲ್ಲಿ ಕಾಣುವುದು ಪರೀಕ್ಷೆ ಸಮಯ ಮೀರಿ ನಿಂತುಹೋಯಿತು ಎಂಬ ಒಂದೇ ಸಾಲು. ತಿದ್ದುವುದು ಒಂದು ಪದ, ಚಾರ್ ಇದ್ದಲ್ಲಿ ಇಂಟ್. ಹುಡುಕಲು ಒಂದು ಸಂಜೆ ಬೇಕು.

ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರ್ ಬದಲಾದಾಗಲೂ ಇದೇ ಪಾಡು. 2024ರಲ್ಲಿ ಬಂದ, ಜಿಸಿಸಿ ಎಂಬ ಕಂಪೈಲರಿನ 14ನೇ ಆವೃತ್ತಿ, ಘೋಷಿಸದ ಫಂಕ್ಷನ್ನನ್ನು ಕರೆಯುವುದನ್ನು ಎಚ್ಚರಿಕೆಯ ಪಟ್ಟಿಯಿಂದ ದೋಷದ ಪಟ್ಟಿಗೆ ಹಾಕಿತು. ಕೋಡಿನಲ್ಲಿ ಒಂದಕ್ಷರ ಬದಲಾಗದ, ವರ್ಷಗಟ್ಟಲೆ ಯಾರೂ ಮುಟ್ಟದ ಪ್ಯಾಕೇಜ್‌ಗಳು ರಾತ್ರೋರಾತ್ರಿ ಬಿಲ್ಡ್ ಆಗದಂತಾದವು. 'ಚೆನ್ನಾಗಿ ನಡೆಯುತ್ತಿದೆ, ಮುಟ್ಟುವುದೇಕೆ' ಎನ್ನುವವರಿಗೆ ಇದೇ ಉತ್ತರ.

ಲೈಬ್ರರಿಗಳ ವಿಷಯ ಇನ್ನೂ ಸೂಕ್ಷ್ಮ. ಒಂದು ಲೈಬ್ರರಿಯನ್ನು ನಂಬಿ ನೂರು ಪ್ರೋಗ್ರಾಮ್‌ಗಳಿರುತ್ತವೆ. ಹೊಂದಾಣಿಕೆ ಮುರಿಯುವ ಬದಲಾವಣೆ ಮಾಡಿದಾಗ ಮೂಲ ಯೋಜನೆಯವರು ಅದರ ಎಸ್‌ಒ ಹೆಸರಿನ (ಪ್ರೋಗ್ರಾಮ್‌ಗಳು ಲೈಬ್ರರಿಯನ್ನು ಗುರುತಿಸುವ ಹೆಸರು) ಅಂಕಿಯನ್ನು ಏರಿಸಬೇಕು. ಏರಿಸಿದರೆ ಪ್ಯಾಕೇಜಿನ ಹೆಸರೂ ಬದಲಾಗಿ, ಹೊಸ ಹೆಸರಿಗೆ ಪರಿಶೀಲನೆಯ ಸರದಿಯಲ್ಲಿ ಮತ್ತೆ ನಿಂತು, ಮೊದಲು ಎಕ್ಸ್‌ಪೆರಿಮೆಂಟಲ್ ಎಂಬ ಪ್ರಯೋಗದ ವಿಭಾಗಕ್ಕೆ ಹಾಕಿ, ಬಿಡುಗಡೆ ತಂಡದಿಂದ ದಿನ ಕೇಳಿಕೊಂಡು, ಅವಲಂಬಿಸಿದ ಎಲ್ಲವನ್ನೂ ಮತ್ತೆ ಬಿಲ್ಡ್ ಮಾಡಿಸಬೇಕು. ಶ್ರಮ ಹೆಚ್ಚು, ಆದರೆ ದಾರಿ ಗೊತ್ತಿರುವ ಶ್ರಮ. ಏರಿಸಲು ಮರೆತರೆ ಮಾತ್ರ ಕಷ್ಟ. ಫಂಕ್ಷನ್ ಒಂದು ಮಾಯವಾಗಿದ್ದರೆ ಫಂಕ್ಷನ್‌ಗಳ ಹೆಸರುಗಳನ್ನು ಪಟ್ಟಿ ಮಾಡಿದ ಸಿಂಬಲ್ಸ್ ಕಡತದ ತಾಳೆಯಲ್ಲಿ ಸಿಕ್ಕಿಬೀಳುತ್ತದೆ, ಬಿಲ್ಡ್ ಅಲ್ಲೇ ನಿಲ್ಲುತ್ತದೆ. ಸ್ಟ್ರಕ್ಟ್ (ಹಲವು ಮೌಲ್ಯಗಳನ್ನು ಒಟ್ಟಿಗಿಡುವ ರಚನೆ) ಒಂದರ ನಡುವೆ ಹೊಸ ಫೀಲ್ಡ್ ತೂರಿಸಿದ್ದರೆ ಆ ತಾಳೆಗೆ ಅದು ಕಾಣದು. ಹಳೆಯ ಪ್ರೋಗ್ರಾಮ್‌ಗಳು ಮೆಮೊರಿಯಲ್ಲಿ ತಪ್ಪು ಜಾಗವನ್ನು ಓದುತ್ತಾ ಹೋಗುತ್ತವೆ. ಎಬಿಐಡಿಫ್ ಎಂಬ ಸಾಧನ ಓಡಿಸಿ ಎರಡೂ ಆವೃತ್ತಿಗಳನ್ನು ಹೋಲಿಸಿದರೆ ಇದು ಸಿಗುತ್ತದೆ. ಅಂದಹಾಗೆ, ಇತ್ತೀಚೆಗೆ ಲೈಬ್ರರಿ ಹೆಸರುಗಳ ಕೊನೆಗೆ 'ಟಿ64' ಎಂದು ಸೇರಿರುವುದನ್ನು ನೋಡಿ ಗಾಬರಿಯಾದವರಿದ್ದಾರೆ. 32 ಬಿಟ್ ಯಂತ್ರಗಳಲ್ಲಿ 2038ರ ಜನವರಿ 19ಕ್ಕೆ ಸಮಯದ ಎಣಿಕೆ ತುಂಬಿಹೋಗುವುದನ್ನು ತಪ್ಪಿಸಲು 2024ರಲ್ಲಿ ಮಾಡಿದ ಸಾಮೂಹಿಕ ಮರುಬಿಲ್ಡ್‌ನ ಗುರುತು ಅದು.

ಬಳಕೆದಾರರ ದೂರುಗಳಲ್ಲಿ ಮೊದಲನೆಯದು, ಸ್ಥಿರ ಆವೃತ್ತಿಯಲ್ಲಿ ಎಲ್ಲವೂ ಹಳೆಯದು ಎಂಬುದು. ಭದ್ರತಾ ಸ್ಕ್ಯಾನರ್‌ಗಳೂ ಆವೃತ್ತಿ ಸಂಖ್ಯೆಯ ಮೊದಲ ಭಾಗ ಮಾತ್ರ ನೋಡಿ ಅಪಾಯ ಎಂದು ಕೂಗುತ್ತವೆ. 2.3-4+ಡೆಬ್13ಯು2 ಎಂಬ ಸಂಖ್ಯೆಯನ್ನು ಹೀಗೆ ಓದಬೇಕು: ಮೂಲ ಯೋಜನೆಯ 2.3, ಡೆಬಿಯನ್‌ನ ನಾಲ್ಕನೇ ಪರಿಷ್ಕರಣೆ, ಡೆಬಿಯನ್ 13 ಸ್ಥಿರವಾದ ಮೇಲೆ ಮಾಡಿದ ಎರಡನೇ ತಿದ್ದುಪಡಿ. ಭದ್ರತಾ ತೂತನ್ನು 2.5ರಲ್ಲಿ ಮುಚ್ಚಿದ್ದರೆ, 2.5ರಲ್ಲಿ ಬಂದ ಬೇರೆ ಬದಲಾವಣೆಗಳನ್ನೆಲ್ಲ ಬಿಟ್ಟು ಆ ತೂತು ಮುಚ್ಚುವ ಸಾಲುಗಳನ್ನಷ್ಟೇ ಆರಿಸಿ 2.3ಕ್ಕೆ ಹೊಂದಿಸಿರುತ್ತಾರೆ. ಪ್ಯಾಕೇಜಿನ ಚೇಂಜ್‌ಲಾಗ್ ತೆರೆದು ಸಿವಿಇ ಸಂಖ್ಯೆ (ಆ ತೂತಿಗೆ ಕೊಟ್ಟ ಗುರುತಿನ ಸಂಖ್ಯೆ) ಹುಡುಕಿದರೆ ಖಚಿತವಾಗುತ್ತದೆ. ದೂರು ಬರೆಯುವ ಮೊದಲು ಅಷ್ಟು ಮಾಡಿದರೆ ಸಾಕು.

ಪ್ಯಾಕೇಜನ್ನು ನೋಡಿಕೊಳ್ಳುವ ಮೇಂಟೇನರ್ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ. 2006ರಲ್ಲಿ ಗೂಢಲಿಪಿಯ ಕೀಲಿಗಳನ್ನು ತಯಾರಿಸುವ, ಡೆಬಿಯನ್‌ನ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜಿನಲ್ಲಿ, ಮೆಮೊರಿ ಪರೀಕ್ಷಕ ಸಾಧನ ಕೊಡುತ್ತಿದ್ದ ಎಚ್ಚರಿಕೆಯನ್ನು ನಿಲ್ಲಿಸಲು ಒಂದು ಪ್ಯಾಚ್ ಹಾಕಲಾಯಿತು. ಯಾದೃಚ್ಛಿಕತೆಯನ್ನು ತುಂಬುತ್ತಿದ್ದ ಕೋಡೇ ಅದರೊಂದಿಗೆ ಹೋಯಿತು. ಉಳಿದದ್ದು ಪ್ರಾಸೆಸ್ ಸಂಖ್ಯೆ ಮಾತ್ರ, ಅದು 32,768ರ ಆಸುಪಾಸಿಗೆ ಸೀಮಿತ. 2008ರ ಮೇ 13ರಂದು ಬಯಲಾಗುವವರೆಗೆ ಆ ವ್ಯವಸ್ಥೆಗಳಲ್ಲಿ ಮಾಡಿದ ಕೀಲಿಗಳನ್ನು ಎಣಿಸಿ ಎಣಿಸಿ ಊಹಿಸಬಹುದಾಗಿತ್ತು. ಪ್ಯಾಚನ್ನು ಮೂಲ ಯೋಜನೆಗೆ ಕಳುಹಿಸಿ, ಅಲ್ಲಿನವರು ಓದಿ ಒಪ್ಪಿಕೊಂಡ ಮೇಲೆ ಹಾಕಿ ಎಂದು ಹಿರಿಯರು ಹೊಸಬರಿಗೆ ಬೇಸರವಾಗುವಷ್ಟು ಹೇಳುವುದು ಇದಕ್ಕೇ.

ಕಡತಗಳನ್ನು ಕುಗ್ಗಿಸುವ ಎಕ್ಸ್‌ಝೆಡ್ ತಂತ್ರಾಂಶದ 2024ರ ಪ್ರಕರಣದಲ್ಲಿ ಮೋಸ ಮೂಲ ಯೋಜನೆಯ ಕಡೆಯಿಂದಲೇ ಬಂತು. ಬಹುಪಾಲು ಒಬ್ಬರೇ ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದ ಯೋಜನೆಯೊಳಗೆ ಜಿಯಾ ಟಾನ್ ಎಂಬ ಹೆಸರಿನವರು ವರ್ಷಗಳ ಕಾಲ ನೆರವಾಗುತ್ತಾ ಬಿಡುಗಡೆಯ ಅಧಿಕಾರ ಪಡೆದು, 5.6.0 ಮತ್ತು 5.6.1ರಲ್ಲಿ ಹಿಂಬಾಗಿಲು ಇಟ್ಟರು. ಅದನ್ನು ಜಾಗೃತಗೊಳಿಸುವ ಬಿಲ್ಡ್ ಸ್ಕ್ರಿಪ್ಟ್, ಕೋಡಿನ ಬದಲಾವಣೆಗಳನ್ನೆಲ್ಲ ದಾಖಲಿಸುವ ಗಿಟ್ ಭಂಡಾರದಲ್ಲಿ ಇರಲಿಲ್ಲ, ಬಿಡುಗಡೆಯ ಟಾರ್‌ಬಾಲಿನಲ್ಲಿ ಮಾತ್ರ ಇತ್ತು. ದೂರದ ಯಂತ್ರಕ್ಕೆ ಪ್ರವೇಶಿಸುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿರುವುದೇಕೆ ಎಂದು ಬೆನ್ನುಹತ್ತಿದ ಆಂಡ್ರೆಸ್ ಫ್ರಾಯಂಡ್ ಮಾರ್ಚ್ 29ರಂದು ಅದನ್ನು ಬಹಿರಂಗಪಡಿಸಿದರು. ಅಷ್ಟರಲ್ಲಿ ಅದು ಹೊಸ ಪ್ಯಾಕೇಜ್‌ಗಳು ಮೊದಲು ಬಂದು ಸೇರುವ ಡೆಬಿಯನ್‌ನ ಅನ್‌ಸ್ಟೇಬಲ್ ದಾಟಿ, ಮುಂದಿನ ಬಿಡುಗಡೆ ಸಿದ್ಧವಾಗುವ ಟೆಸ್ಟಿಂಗ್ ತಲುಪಿತ್ತು, ಸ್ಥಿರ ಆವೃತ್ತಿಗೆ ಬಂದಿರಲಿಲ್ಲ. ಅನ್‌ಸ್ಟೇಬಲ್‌ನಲ್ಲಿ ಸಾಮಾನ್ಯವಾಗಿ ಐದು ದಿನ ಕಾಯಿಸುವ ಕ್ರಮ ಎದ್ದು ಕಾಣುವ ತೊಂದರೆಗಳನ್ನು ಹಿಡಿಯುತ್ತದೆ, ಇಂಥದ್ದನ್ನು ಹಿಡಿಯುವುದಿಲ್ಲ. ಟಾರ್‌ಬಾಲನ್ನು ಗಿಟ್ ಟ್ಯಾಗಿನೊಂದಿಗೆ ಹೋಲಿಸುವುದು ಈಗ ಪ್ರತಿ ಅಪ್‌ಡೇಟಿನ ಭಾಗವಾಗಬೇಕು. ಹಾಗೆ ಹೋಲಿಸಲು ಒಂದು ಪ್ಯಾಕೇಜಿಗೆ ಇಬ್ಬರು ಮೂವರಾದರೂ ಬೇಕು, ಒಬ್ಬರಿಗೆ ಪುರುಸೊತ್ತಿಲ್ಲದ ವಾರ ಇನ್ನೊಬ್ಬರು ನೋಡಲು.

ಹಾಗಾಗಿ ವಿದ್ಯಾರ್ಥಿಗಳಿಗೆ ಹೇಳುವುದಿದ್ದರೆ ಹೀಗೆ ಹೇಳಿ. ಡೆಬಿಯನ್ ಬಳಸುವವರು ಡೆವ್‌ಸ್ಕ್ರಿಪ್ಟ್ಸ್ ಪ್ಯಾಕೇಜ್ ಹಾಕಿಕೊಂಡು 'ಡಬ್ಲ್ಯೂಎನ್‌ಪಿಪಿ-ಅಲರ್ಟ್' ಓಡಿಸಲಿ. ತಮ್ಮದೇ ಯಂತ್ರದಲ್ಲಿರುವ ಪ್ಯಾಕೇಜ್‌ಗಳಲ್ಲಿ ಯಾವುದು ಅನಾಥ (ನೋಡಿಕೊಳ್ಳುವವರಿಲ್ಲದ್ದು), ಯಾವುದಕ್ಕೆ ಮೇಂಟೇನರ್ ಬೇರೆಯವರನ್ನು ಹುಡುಕುತ್ತಿದ್ದಾರೆ, ಯಾವುದಕ್ಕೆ ಸಹಾಯ ಕೇಳಿದ್ದಾರೆ ಎಂಬ ಪಟ್ಟಿ ಬರುತ್ತದೆ. ಹೊಸಬರಿಗೆ ಸಹಾಯ ಕೇಳಿರುವವೇ ಮೇಲು, ಕಲಿಸುವವರು ಅಲ್ಲೇ ಇರುತ್ತಾರೆ. ಮೊದಲ ತಿಂಗಳು ಕೋಡ್ ಮುಟ್ಟದೆ, ತೆರೆದಿರುವ ಬಗ್‌ಗಳನ್ನು (ದಾಖಲಾದ ದೋಷಗಳನ್ನು) ಒಂದೊಂದಾಗಿ ಈಗಿನ ಆವೃತ್ತಿಯಲ್ಲಿ ಪರೀಕ್ಷಿಸಿ, ಆವೃತ್ತಿ ಸಂಖ್ಯೆ, ಮಾಡಿದ ಹಂತಗಳು, ದೋಷಸಂದೇಶದ ಪೂರ್ಣ ಪಠ್ಯ ಇಷ್ಟನ್ನು ಬರೆಯಲಿ. 'ನನಗೂ ಹೀಗೇ ಆಗುತ್ತಿದೆ' ಎಂಬ ಒಂದು ಸಾಲಿನಿಂದ, ಪರದೆಯ ಫೋಟೊದಿಂದ ಯಾರಿಗೂ ಪ್ರಯೋಜನವಿಲ್ಲ. ಪ್ಯಾಚ್ ಕಳುಹಿಸುವಾಗ ಒಂದು ಬಗ್‌ಗೆ ಒಂದು ಪ್ಯಾಚ್. ಜೊತೆಯಲ್ಲಿ ಇಡೀ ಪ್ಯಾಕೇಜಿನ ಫಾರ್ಮ್ಯಾಟ್ ಚೆಂದ ಮಾಡಿ ಕಳುಹಿಸಿದರೆ ಓದುವವರಿಗೆ ನಿಜವಾದ ಬದಲಾವಣೆ ಸಿಗುವುದಿಲ್ಲ, ಪ್ಯಾಚ್ ಹಾಗೇ ಕೊಳೆಯುತ್ತದೆ. ಅಪ್‌ಲೋಡ್ ಹಕ್ಕು ಬರುವವರೆಗೆ ಡೆಬಿಯನ್ ಡೆವಲಪರ್ ಒಬ್ಬರು ಪರಿಶೀಲಿಸಿ ತಮ್ಮ ಸಹಿಯೊಂದಿಗೆ ಹಾಕಿಕೊಡುತ್ತಾರೆ. ಮೇಂಟೇನರ್ ಉತ್ತರಿಸುವುದನ್ನೇ ನಿಲ್ಲಿಸಿದ್ದರೆ ಪ್ಯಾಕೇಜನ್ನು ವಹಿಸಿಕೊಳ್ಳುವ ಇಚ್ಛೆಯನ್ನು ಬಗ್ ರೂಪದಲ್ಲಿ ಬಹಿರಂಗವಾಗಿ ದಾಖಲಿಸಿ 21 ದಿನ ಕಾಯುವ ಕ್ರಮವೂ ಇದೆ.

ಈಗಾಗಲೇ ಪ್ಯಾಕೇಜ್ ಇಟ್ಟುಕೊಂಡು ಸಮಯ ಸಿಗದವರಿಗೂ ಒಂದು ಮಾತು. ಗಂಭೀರ ಬಗ್ ತಿದ್ದದೆ ಬಿಟ್ಟ ಪ್ಯಾಕೇಜನ್ನು ಟೆಸ್ಟಿಂಗ್‌ನಿಂದ ಯಂತ್ರವೇ ತೆಗೆದುಹಾಕುತ್ತದೆ, ಅದನ್ನು ನಂಬಿದ ಪ್ಯಾಕೇಜ್‌ಗಳನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಬಿಡುವುದಾದರೆ ಮೌನವಾಗಿ ಬಿಡಬೇಡಿ. ಅನಾಥ ಎಂದು ಬಗ್ ಹಾಕಿ, ಅದರಲ್ಲಿ ಯಾವ ಪ್ಯಾಚ್ ಏಕಿದೆ, ಯಾವ ಪರೀಕ್ಷೆ ಯಾವ ಆರ್ಕಿಟೆಕ್ಚರಿನಲ್ಲಿ ಕೈಕೊಡುತ್ತದೆ, ಮೂಲ ಯೋಜನೆಯವರು ಎಲ್ಲಿ ಮಾತಿಗೆ ಸಿಗುತ್ತಾರೆ ಎಂದು ಹತ್ತು ಸಾಲು ಬರೆದಿಡಿ. ಮುಂದೆ ಬರುವವರ ಮೊದಲ ವಾರ ಉಳಿಯುತ್ತದೆ.

ಇಂತಿ,
ಪ್ಯಾಕೇಜ್ ಕೆಲಸ ಬಲ್ಲ ಓದುಗ