ಟ್ರಯಲ್ಸ್ ಹೆಲ್ಮೆಟ್ ಎಂದು ಸೈಕಲ್ ಹೆಲ್ಮೆಟ್ ಕಳಿಸಿರುವ ಬಗ್ಗೆ ದೂರು

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

'ಮೋಟಾರ್‌ಸೈಕಲ್ ಟ್ರಯಲ್ಸ್‌ಗೆಂದೇ ಮಾಡಿದ ಹಗುರ ಹೆಲ್ಮೆಟ್' ಎಂಬ ನಿಮ್ಮ ಜಾಹೀರಾತು ನಂಬಿ, ಬಂಡೆಯಂಥ ಅಡೆತಡೆಗಳನ್ನು ಕಾಲೂರದೆ ನಿಧಾನವಾಗಿ ದಾಟುವ ಈ ಬೈಕ್ ಕ್ರೀಡೆಯ ನಮ್ಮ ತರಬೇತಿ ತಂಡ ಮೂರು ಹೆಲ್ಮೆಟ್ ತರಿಸಿಕೊಂಡಿತು. ಮೂರೂ ಮೋಟಾರ್‌ಸೈಕಲ್‌ಗೆ ಆಗುವಂಥವಲ್ಲ.

ಗದ್ದದ ಪಟ್ಟಿಯನ್ನು ಮಗುಚಿ ನೋಡಿದೆವು. ವೃತ್ತದೊಳಗೆ 'ಇ' ಅಕ್ಷರ, ಪಕ್ಕದಲ್ಲಿ ದೇಶದ ಸಂಖ್ಯೆ, 06ರಿಂದ ಶುರುವಾಗುವ ಅನುಮೋದನೆ ಸಂಖ್ಯೆ, ಗದ್ದ ಮುಚ್ಚದ ಹೆಲ್ಮೆಟ್ಟಾದ್ದರಿಂದ 'ಜೆ' ಗುರುತು: ಇಷ್ಟಿರುವ, ಮೋಟಾರ್‌ಸೈಕಲ್ ಹೆಲ್ಮೆಟ್‌ಗಳ ಮಾನದಂಡವಾದ ಇಸಿಇ 22.06ರ ಚೀಟಿಯನ್ನು ಅಲ್ಲಿ ಹೊಲಿದಿರಬೇಕಿತ್ತು. ಅದಿಲ್ಲ. ಒಳಗಿನ ಪ್ಯಾಡ್ ಕಿತ್ತರೆ ಥರ್ಮಾಕೋಲಿನ ಮೇಲೆ ಒಂದು ಸ್ಟಿಕ್ಕರ್ ಸಿಗುತ್ತದೆ, ಅದರಲ್ಲಿರುವುದು ಇಎನ್ 1078. ಅದು ಸೈಕಲ್, ಸ್ಕೇಟಿಂಗ್ ಹೆಲ್ಮೆಟ್‌ಗಳ ಮಾನದಂಡ.

"ಟ್ರಯಲ್ಸ್‌ನಲ್ಲಿ ವೇಗ ಕಡಿಮೆ, ಇದೇ ಸಾಕು" ಎಂದು ನಿಮ್ಮ ಸಿಬ್ಬಂದಿ ಫೋನಿನಲ್ಲಿ ಹೇಳಿದರು. ಇದು ಅಪಾಯದ ಮಾತು. ಬೈಕ್ ನಡಿಗೆಯ ವೇಗದಲ್ಲಿದ್ದರೂ ಫುಟ್‌ಪೆಗ್ (ಕಾಲಿಡುವ ಮೆಟ್ಟು) ಮೇಲೆ ನಿಂತವರ ತಲೆ ನೆಲದಿಂದ ಸುಮಾರು 2 ಮೀಟರ್ ಮೇಲಿರುತ್ತದೆ. 1 ಮೀಟರ್ ಬಂಡೆಯ ತುದಿಯಲ್ಲಿ ಬೈಕ್ ಹಿಂದಕ್ಕೆ ಮಗುಚಿದರೆ ತಲೆ 3 ಮೀಟರ್ ಎತ್ತರದಿಂದ ಬೀಳುತ್ತದೆ, ನೆಲ ಮುಟ್ಟುವಾಗ ವೇಗ ಸೆಕೆಂಡಿಗೆ 7.7 ಮೀಟರ್‌ವರೆಗೆ ಹೋಗಬಹುದು. ಇಎನ್ 1078ರಲ್ಲಿ ಹೆಲ್ಮೆಟನ್ನು ಸಮತಟ್ಟು ಮೇಲ್ಮೈಗೆ ಬಡಿಸಿ ಪರೀಕ್ಷಿಸುವುದು ಸೆಕೆಂಡಿಗೆ 5.42 ಮೀಟರ್ ವೇಗದಲ್ಲಿ. ಇಸಿಇಯಲ್ಲಿ ಅದು 7.5, ಜೊತೆಗೆ 22.06ರಲ್ಲಿ 8.2ರ ಪೆಟ್ಟು ಮತ್ತು ತಲೆಯನ್ನು ತಿರುಚುವ ಓರೆ ಪೆಟ್ಟಿನ ಪರೀಕ್ಷೆಯೂ ಉಂಟು. 5.42ರಿಂದ 7.5ಕ್ಕೆ ಏರಿದರೆ ಥರ್ಮಾಕೋಲ್ ಹೀರಬೇಕಾದ ಶಕ್ತಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ತೆಳು ಪದರ ಪೂರ್ತಿ ಜಜ್ಜಿಹೋದ ಮೇಲೆ ಉಳಿದ ಪೆಟ್ಟೆಲ್ಲ ತಲೆಬುರುಡೆಗೇ.

ತೂಕದ ಲೆಕ್ಕವೂ ಸರಿಯಿಲ್ಲ. ನೀವು ಬರೆದಿರುವುದು 650 ಗ್ರಾಂ. ಪೀಕ್ (ಮುಂದಿನ ಬಿಸಿಲು ತಡೆ) ಸಮೇತ ಎಂ ಅಳತೆಯದು ತಕ್ಕಡಿಯಲ್ಲಿ 730 ತೂಗಿತು. ಬೈಕ್‌ಗೆ ಅನುಮೋದನೆ ಪಡೆದ ಫೈಬರ್‌ಗ್ಲಾಸ್ ಟ್ರಯಲ್ಸ್ ಹೆಲ್ಮೆಟ್ ಸಾಮಾನ್ಯವಾಗಿ 1 ಕಿಲೋ ಆಸುಪಾಸಿನಲ್ಲಿರುತ್ತದೆ. ದಿನವಿಡೀ ನಿಂತು, ಕತ್ತು ಹೊರಳಿಸುತ್ತ ಓಡಿಸುವವರಿಗೆ ಹಗುರವಾದದ್ದು ಬೇಕೇ ಬೇಕು. ಆ ಹಗುರ ಹೊರಚಿಪ್ಪಿನ ವಸ್ತುವಿನಿಂದ ಬರಬೇಕು, ಥರ್ಮಾಕೋಲ್ ತೆಳ್ಳಗೆ ಮಾಡಿ ತರುವಂಥದ್ದಲ್ಲ.

ಪಟ್ಟಿಯದ್ದು ಇನ್ನೊಂದು ದೋಷ. ಹುಬ್ಬಿನ ಮೇಲ್ಗಡೆ ಟೇಪ್ ಸುತ್ತಿ 58 ಸೆಂ.ಮೀ. ಬಂದ ತಲೆಗೆ ನಿಮ್ಮ ಅಳತೆಯ ಪ್ರಕಾರವೇ ಎಂ ಹಾಕಿ, ಪಟ್ಟಿಯನ್ನು ಒಂದು ಬೆರಳಷ್ಟೇ ತೂರುವಂತೆ ಬಿಗಿದೆವು. ಹಿಂದಿನ ಅಂಚು ಹಿಡಿದು ಮೇಲೆತ್ತಿ ಮುಂದಕ್ಕೆ ನೂಕಿದರೆ ಹೆಲ್ಮೆಟ್ ಕಣ್ಣಿನ ಮೇಲೆ ಉರುಳಿ ಬಂತು. ಪಟ್ಟಿಯ ಹಿಂದಿನ ಎಳೆಯನ್ನು ಕಿವಿಗಿಂತ ಮುಂದಕ್ಕೆ ಕೂರಿಸಿರುವುದೇ ಕಾರಣ. ಪ್ಯಾಡ್ ದಪ್ಪ ಮಾಡಿದರೆ ಇದು ಸರಿಹೋಗುವುದಿಲ್ಲ.

ಮೂರೂ ಹೆಲ್ಮೆಟ್‌ಗಳ ಪೂರ್ತಿ ಹಣವನ್ನು ಸಾಗಣೆ ವೆಚ್ಚ ಸಹಿತ 15 ದಿನದೊಳಗೆ ಹಿಂದಿರುಗಿಸಿ. ಜಾಹೀರಾತಿನಿಂದ 'ಮೋಟಾರ್‌ಸೈಕಲ್' ಎಂಬ ಪದವನ್ನು ಇಂದೇ ತೆಗೆಯಿರಿ. ಇದನ್ನು ಈಗಾಗಲೇ ಕೊಂಡವರು ನಾಳೆಯೂ ಇದೇ ಹೆಲ್ಮೆಟ್ ಹಾಕಿಕೊಂಡು ಬಂಡೆ ಹತ್ತುತ್ತಾರೆ. ಅವರೆಲ್ಲರಿಗೂ ಇದು ಸೈಕಲ್ ಹೆಲ್ಮೆಟ್ ಎಂದು ಲಿಖಿತವಾಗಿ ತಿಳಿಸಿ, ಆ ಪತ್ರದ ಪ್ರತಿಯನ್ನು ನಮಗೂ ಕಳಿಸಿ.

ಪಟ್ಟಿ, ಸ್ಟಿಕ್ಕರ್ ಮತ್ತು ತಕ್ಕಡಿಯ ಫೋಟೊಗಳನ್ನು ಲಗತ್ತಿಸಿದ್ದೇವೆ.

ಇತಿ,
ಟ್ರಯಲ್ಸ್ ತರಬೇತಿ ತಂಡದ ಪರವಾಗಿ