ನಿಂತು ನೋಡುವವರಿಗೆ ಮೈಸೂರಿನಲ್ಲಿ ಜಾಗ ಬೇಕು

ಸಂಪಾದಕರಿಗೆ,

ಮಾನ್ಯರೇ,

ದಸರಾ ಹತ್ತಿರವಾಗುತ್ತಿದ್ದಂತೆ ಪಾರಂಪರಿಕ ನಡಿಗೆ, ಟಾಂಗಾ ಸವಾರಿ, ಛಾಯಾಚಿತ್ರ ಸ್ಪರ್ಧೆಗಳ ಪ್ರಕಟಣೆಗಳು ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತವೆ. ಈ ಕಾರ್ಯಕ್ರಮಗಳ ಬಗ್ಗೆ ನನಗೆ ಗೌರವವಿದೆ. ನಾನೂ ಹಲವು ವರ್ಷ ಬೆಳಗಿನ ಹೊತ್ತು ಕ್ಯಾಮೆರಾ ಹೆಗಲಿಗೇರಿಸಿಕೊಂಡು ಪುರಭವನದ ಮುಂದೆ ನಡಿಗೆಯ ಗುಂಪನ್ನು ಸೇರಿಕೊಂಡಿದ್ದೇನೆ. ಆದರೆ ವರ್ಷಕ್ಕೊಮ್ಮೆ, ಅದೂ ವಾಹನಗಳಿನ್ನೂ ಬೀದಿಗಿಳಿಯದ ಹೊತ್ತಿನಲ್ಲಿ ಮಾತ್ರ ನೆಮ್ಮದಿಯಿಂದ ಸುತ್ತಾಡಬಹುದಾದ ಊರನ್ನು ನಡೆದು ನೋಡುವ ಊರು ಎಂದು ಕರೆಯಲು ಮನಸ್ಸು ಒಪ್ಪುವುದಿಲ್ಲ. ಈ ವಿಚಾರವನ್ನು ತಮ್ಮ ಪತ್ರಿಕೆಯ ಮೂಲಕ ನಗರದ ಹಿರಿಯರ ಮುಂದೆಯೂ ಪಾಲಿಕೆಯ ಮುಂದೆಯೂ ಇಡಬೇಕೆಂಬ ಬಯಕೆ ಹುಟ್ಟಿದ್ದು ಇಟಲಿಯ ಒಂದು ಹಳೆಯ ಪಟ್ಟಣದಲ್ಲಿ.

2022ರ ದಸರಾ ಮುಗಿದ ಮರುವಾರ ನಾನೂ ನನ್ನ ಪತ್ನಿಯೂ, ಅಲ್ಲಿ ಸಂಶೋಧನೆ ಮಾಡುತ್ತಿದ್ದ ಮಗಳ ಮನೆಗೆಂದು ಬೊಲೋನ್ಯಾ ನಗರಕ್ಕೆ ಹೋದೆವು. 1088ರಷ್ಟು ಹಿಂದೆ ಆರಂಭವಾಯಿತೆಂದು ಹೇಳಲಾಗುವ ವಿಶ್ವವಿದ್ಯಾಲಯ ಇರುವ ಊರು ಅದು. ರೋಮ್, ಫ್ಲಾರೆನ್ಸ್, ವೆನಿಸ್‌ಗಳಿಗೆ ಹೋಗುವ ನಮ್ಮ ಕಡೆಯ ಪ್ರವಾಸಿಗರು ಸಾಮಾನ್ಯವಾಗಿ ಅಲ್ಲಿ ಇಳಿಯುವುದಿಲ್ಲ. ಮಗಳು ಕೆಲಸಕ್ಕೆ ಹೋದ ಮೇಲೆ ನಾವಿಬ್ಬರೂ ಹದಿನೆಂಟು ದಿನ ಆ ಊರನ್ನು ಕಾಲ್ನಡಿಗೆಯಲ್ಲೇ ಸುತ್ತಿದೆವು. ಅದರಲ್ಲಿ ಐದಾರು ದಿನ ಮಳೆ ಸುರಿದರೂ ಕೊಡೆ ಬಿಚ್ಚಿದ್ದು ಬೀದಿ ದಾಟುವಾಗ ಮಾತ್ರ.

ಏಕೆಂದರೆ ಅಲ್ಲಿನ ಬೀದಿಗಳ ಇಕ್ಕೆಲದಲ್ಲೂ ಮನೆಗಳ ಮೇಲಂತಸ್ತು ಬೀದಿಯತ್ತ ಚಾಚಿಕೊಂಡಿದೆ, ಅದರ ಭಾರವನ್ನು ಸಾಲುಗಂಬಗಳು ಹೊತ್ತಿವೆ, ಆ ಕಂಬಗಳಿಗೂ ಮನೆಯ ಗೋಡೆಗೂ ನಡುವೆ ಜನ ಓಡಾಡುತ್ತಾರೆ. ಅವರು ಪೋರ್ಟಿಕೊ ಎನ್ನುವ ಇದಕ್ಕೆ ನಮ್ಮ ಮೊಗಸಾಲೆ ಎಂಬ ಹಳೆಯ ಮಾತೇ ಚೆನ್ನಾಗಿ ಹೊಂದುತ್ತದೆ. ಹಳೆಯ ಊರಿನೊಳಗೇ ಇಂಥ ಮೊಗಸಾಲೆಗಳ ಉದ್ದ ಸುಮಾರು 38 ಕಿಲೋಮೀಟರ್. ಹೊರಗಿನದನ್ನೂ ಸೇರಿಸಿದರೆ 62 ಕಿಲೋಮೀಟರ್. ವಿದ್ಯಾರ್ಥಿಗಳೂ ಕಸುಬಿನವರೂ ಬಂದು ತುಂಬಿಕೊಂಡ ಮಧ್ಯಯುಗದ ಊರಿನಲ್ಲಿ ಜಾಗ ಸಾಲದೆ ಮನೆಯವರು ಮೇಲಿನ ಕೋಣೆಗಳನ್ನು ಬೀದಿಯ ಮೇಲೆ ಚಾಚುತ್ತ ಹೋದರು. ನಗರಾಡಳಿತ ಅದನ್ನು ಒತ್ತುವರಿಯೆಂದು ಕೆಡವಲೂ ಇಲ್ಲ, ಕಂಡೂ ಕಾಣದಂತೆ ಬಿಡಲೂ ಇಲ್ಲ. 1288ರ ಕಟ್ಟಳೆಯಲ್ಲಿ, ಹೊಸದಾಗಿ ಕಟ್ಟುವ ಮನೆಗಳ ಮುಂದೆ ಮೊಗಸಾಲೆ ಇರಲೇಬೇಕೆಂದು ವಿಧಿಸಿತು. ಕುದುರೆಯ ಮೇಲೆ ಕುಳಿತವನೂ ತಲೆ ತಾಗದೆ ಹಾದುಹೋಗುವಂತೆ ಕನಿಷ್ಠ ಎತ್ತರವನ್ನೂ ನಿಗದಿ ಮಾಡಿತು. ಇಂದಿನ ಲೆಕ್ಕದಲ್ಲಿ ಅದು ಸುಮಾರು 2.66 ಮೀಟರ್. ನೆಲ ಮನೆಯವರದು, ಅದನ್ನು ಸುಸ್ಥಿತಿಯಲ್ಲಿಡುವ ಹೊಣೆಯೂ ಅವರದೇ, ಆದರೆ ಅಲ್ಲಿ ನಡೆದಾಡುವ ಹಕ್ಕು ಊರಿನವರೆಲ್ಲರದು. ಈ ಏರ್ಪಾಡು ಏಳು ಶತಮಾನಗಳಿಂದ ಉಳಿದು ಬಂದಿದೆ. 2021ರಲ್ಲಿ ಯುನೆಸ್ಕೊ ಈ ಮೊಗಸಾಲೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಛಾಯಾಚಿತ್ರ ತೆಗೆಯುವವನಿಗೆ ಇದರಿಂದ ಏನು ಸಿಕ್ಕಿತೆಂಬುದನ್ನು ತುಸು ವಿವರವಾಗಿ ಹೇಳಬೇಕು. ಸ್ತ್ರಾದಾ ಮಾಜೊರೆ ಎಂಬ ಬೀದಿಯಲ್ಲಿ 13ನೇ ಶತಮಾನದ ಇಸೊಲಾನಿ ಮನೆ ಇದೆ. 16ನೇ ಶತಮಾನದಲ್ಲಿ ಮರದ ಕಂಬಗಳನ್ನು ತೆಗೆದು ಇಟ್ಟಿಗೆ, ಕಲ್ಲಿನವನ್ನು ಹಾಕಬೇಕೆಂದು ಆಜ್ಞೆಯಾದಾಗಲೂ ಅಲ್ಲಲ್ಲಿ ಉಳಿದುಕೊಂಡ ಓಕ್ ಮರದ ಎತ್ತರದ ಕಂಬಗಳನ್ನು ಅಲ್ಲಿ ನೋಡಬಹುದು. ಆ ಕಂಬಗಳ ಚಿತ್ರಕ್ಕಾಗಿ ನಾನು ಒಂದೇ ಕಡೆ ನಲವತ್ತು ನಿಮಿಷ ನಿಂತಿದ್ದೆ. ಬೆಳಗಿನ ಬಿಸಿಲು ಓರೆಯಾಗಿ ಒಳಬಂದು ಕಂಬಗಳ ನೆರಳನ್ನು ನೆಲದ ಮೇಲೆ ಪಟ್ಟೆಪಟ್ಟೆಯಾಗಿ ಎಳೆಯುವವರೆಗೆ ಕಾಯಬೇಕಿತ್ತು. ಶಾಲೆಗೆ ಹೋಗುವ ಮಕ್ಕಳು, ಕೈಗಾಡಿ ಎಳೆದುಕೊಂಡು ಸಂತೆಗೆ ಹೊರಟ ಮುದುಕಿಯರು ನನ್ನನ್ನು ಬಳಸಿಕೊಂಡು ಹೋದರು, ಒಬ್ಬರೂ ಗದರಲಿಲ್ಲ. ಇನ್ನೊಂದು ದಿನ ಮಳೆ ನಿಂತ ಹೊತ್ತಿನಲ್ಲಿ, ತಮ್ಮ ಬಾಗಿಲ ಮುಂದಿನ ಮೊಗಸಾಲೆಯ ನುಣುಪು ನೆಲ ಒರೆಸುತ್ತಿದ್ದ ಹೆಂಗಸೊಬ್ಬರು, ಒದ್ದೆ ನೆಲದಲ್ಲಿ ಮೂಡಿದ ಕಮಾನುಗಳ ಪ್ರತಿಬಿಂಬವನ್ನು ನಾನು ನೋಡುತ್ತಿರುವುದನ್ನು ಗಮನಿಸಿ, ಚಿತ್ರ ತೆಗೆದು ಮುಗಿಯುವ ತನಕ ಕೋಲನ್ನು ಗೋಡೆಗೆ ಒರಗಿಸಿ ಪಕ್ಕಕ್ಕೆ ನಿಂತರು.

ಸಾನ್ ಪೆಟ್ರೋನಿಯೊ ಎಂಬ ದೊಡ್ಡ ಚರ್ಚಿನೊಳಗೆ ಕಂಡದ್ದನ್ನು ಹೇಳದೆ ಮುಂದುವರಿಯಲಾರೆ. ಖಗೋಳ ವಿಜ್ಞಾನಿ ಕ್ಯಾಸಿನಿ 1655ರಲ್ಲಿ ಅಲ್ಲಿನ ನೆಲದ ಮೇಲೆ ಸುಮಾರು 67 ಮೀಟರ್ ಉದ್ದದ ಮಧ್ಯಾಹ್ನರೇಖೆಯನ್ನು ರೂಪಿಸಿದರು. ಸುಮಾರು 27 ಮೀಟರ್ ಎತ್ತರದಲ್ಲಿ, ಚಾವಣಿಯಲ್ಲಿ, ಒಂದು ಸಣ್ಣ ರಂಧ್ರವಿದೆ. ಅದರ ಮೂಲಕ ಇಳಿದ ಬೆಳಕು ನೆಲದ ಮೇಲೆ ಸೂರ್ಯನ ಬಿಂಬವನ್ನು ಮೂಡಿಸುತ್ತದೆ. ನಡುಹಗಲಿನಲ್ಲಿ ಆ ಬಿಂಬ ರೇಖೆಯನ್ನು ಹಾಯುವ ಜಾಗ ಋತುವಿಗೆ ತಕ್ಕಂತೆ ಬದಲಾಗುತ್ತದೆ. ಸೂಜಿರಂಧ್ರದ ಕ್ಯಾಮೆರಾವನ್ನು ರಟ್ಟಿನ ಡಬ್ಬಿಯಲ್ಲಿ ಮಾಡಿ ಮಕ್ಕಳಿಗೆ ಮೂವತ್ತು ವರ್ಷ ತೋರಿಸಿದ ಚಿತ್ರಕಲಾ ಮೇಷ್ಟರಾದ ನನಗೆ ಇಡೀ ದೇವಾಲಯವೇ ಕ್ಯಾಮೆರಾ ಆಗಿರುವುದನ್ನು ಕಂಡು ಮಾತು ಹೊರಡಲಿಲ್ಲ. ಅಕ್ಟೋಬರಿನ ಆ ದಿನ ಮೊಳಕ್ಕಿಂತ ದೊಡ್ಡದಾದ ಅಂಡಾಕಾರದ ಬೆಳಕು ನಿಧಾನವಾಗಿ ತೆವಳಿ ರೇಖೆಯನ್ನು ಮುಟ್ಟಿ ದಾಟುವವರೆಗೆ ಹತ್ತಿಪ್ಪತ್ತು ಜನ ಸುತ್ತ ನಿಂತು ನೋಡಿದರು. ಒಳ್ಳೆಯ ಚಿತ್ರಕ್ಕೆ ಬೇಕಾದುದು ದುಬಾರಿ ಲೆನ್ಸ್ ಅಲ್ಲ, ಬೆಳಕು ಬರುವ ತನಕ ನಿಂತಿರಲು ಜಾಗ ಎಂಬುದು ನನ್ನ ಹಳೆಯ ನಂಬಿಕೆ. ಅಲ್ಲಿ ಅದು ಗಟ್ಟಿಯಾಯಿತು.

ವಾರಾಂತ್ಯದಲ್ಲಿ ಆ ಊರಿನ ಮೂರು ಮುಖ್ಯ ಬೀದಿಗಳಿಗೆ ವಾಹನಗಳನ್ನು ಬಿಡುವುದಿಲ್ಲ; ಬಸ್ಸುಗಳೂ ಬಳಸಿಕೊಂಡು ಹೋಗುತ್ತವೆ.

ಇದೆಲ್ಲ ಪರದೇಶದ ವೈಭವ, ನಮಗೆ ಒಗ್ಗದು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಸೋಮನಾಥಪುರದ ಕೇಶವ ದೇವಾಲಯದ ಸುತ್ತಲಿನ ಕಂಬಗಳ ಕೈಸಾಲೆಯೂ ಬೊಲೋನ್ಯಾದ ಕಟ್ಟಳೆಯೂ ಒಂದೇ ಶತಮಾನದವು. ಬಿಸಿಲು ಮಳೆಗಳಲ್ಲಿ ದೇವರನ್ನು ಪ್ರದಕ್ಷಿಣೆ ಹಾಕುವವರಿಗೆ ನೆರಳಿರಬೇಕೆಂದು ಬಲ್ಲವರೇ ಅದನ್ನು ಕಟ್ಟಿದ್ದು. ನಮ್ಮ ಅಗ್ರಹಾರಗಳ ಹಳೆಯ ಮನೆಗಳಿಗೆ ಜಗಲಿ ಇತ್ತು; ದಾರಿಹೋಕರು ಕುಳಿತು ದಣಿವಾರಿಸಿಕೊಳ್ಳಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಬೊಲೋನ್ಯಾದಿಂದ ಬೆಟ್ಟದ ಮೇಲಿನ ಸಾನ್ ಲೂಕಾ ಗುಡಿಗೆ 666 ಕಮಾನುಗಳ, ಸುಮಾರು 3.8 ಕಿಲೋಮೀಟರ್ ಉದ್ದದ ಮೊಗಸಾಲೆಯನ್ನು 1674ರಿಂದ ಊರಿನ ಜನ ವಂತಿಗೆ ಕೂಡಿಸಿ ಕಟ್ಟತೊಡಗಿದರು. ಮೇರಿಯಮ್ಮನ ಮೆರವಣಿಗೆ ಮಳೆಯಲ್ಲಿ ನೆನೆಯಬಾರದೆಂಬುದೇ ಉದ್ದೇಶ. ಅದೇ 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ನಮ್ಮ ಚಾಮುಂಡಿ ಬೆಟ್ಟಕ್ಕೆ ಮೆಟ್ಟಿಲು ಕಟ್ಟಿಸಿದರು. ಅಲ್ಲಿನ ಕಮಾನುಗಳಡಿ ಏರುತ್ತ ಉಸಿರು ತಿರುಗಿಸಿಕೊಳ್ಳಲು ನಿಂತಾಗಲೆಲ್ಲ ನನ್ನ ಪತ್ನಿ ನಂದಿಯ ಹತ್ತಿರದ ಮಜ್ಜಿಗೆಯನ್ನು ನೆನೆಯುತ್ತಿದ್ದರು.

ಈಗ ನಮ್ಮ ಊರಿನ ಸಂಗತಿ. ಪುರಭವನ, ದೊಡ್ಡ ಗಡಿಯಾರ, ಅರಮನೆಯ ಉತ್ತರ ದ್ವಾರ, ಚಿಕ್ಕ ಗಡಿಯಾರ, ದೇವರಾಜ ಮಾರುಕಟ್ಟೆ, ಜಗನ್ಮೋಹನ ಅರಮನೆ, ಇವೆಲ್ಲವೂ ಎರಡು ಕಿಲೋಮೀಟರಿನೊಳಗಿನ ನಡಿಗೆಯಲ್ಲಿವೆ. ಇಷ್ಟು ಕಡಿಮೆ ದೂರದಲ್ಲಿ ಇಷ್ಟು ನೋಟಗಳಿರುವ ಊರುಗಳು ನಾಡಿನಲ್ಲಿ ಹೆಚ್ಚಿಲ್ಲ. ಆದರೂ ಪ್ರವಾಸಿಗರು ಬಸ್ಸಿನಿಂದ ಅರಮನೆಯ ಮುಂದೆ ಇಳಿಯುತ್ತಾರೆ, ದೀಪಾಲಂಕಾರದ ಒಂದೇ ಬಗೆಯ ಚಿತ್ರ ತೆಗೆದುಕೊಳ್ಳುತ್ತಾರೆ, ಮತ್ತೆ ಬಸ್ಸು ಹತ್ತುತ್ತಾರೆ. ಊರೊಳಗೆ ಅವರು ನಡೆಯದಿರುವುದಕ್ಕೆ ಕಾರಣ ಅವರ ಸೋಮಾರಿತನವಲ್ಲ. ಪಾದಚಾರಿ ಮಾರ್ಗದ ಮೇಲೆ ಸ್ಕೂಟರುಗಳು ನಿಂತಿವೆ, ಚಪ್ಪಡಿಗಳು ಕಿತ್ತುಬಂದಿವೆ, ಹತ್ತು ಹೆಜ್ಜೆಗೊಮ್ಮೆ ರಸ್ತೆಗಿಳಿಯಬೇಕು. 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತೋತ್ಸವಕ್ಕೆಂದು ಕಟ್ಟಿದ ದೊಡ್ಡ ಗಡಿಯಾರದ ಮುಖದ ಮೇಲೆ ಕನ್ನಡದ ಅಂಕಿಗಳಿವೆ. ಅವನ್ನು ನೇರವಾಗಿ ಸೆರೆಹಿಡಿಯಲು ಎರಡು ನಿಮಿಷ ನಿಂತದ್ದಕ್ಕೆ ಕಳೆದ ತಿಂಗಳು ಬೈಕೊಂದು ನನ್ನ ಮೊಣಕೈಗೆ ಬಡಿದು ಹೋಯಿತು. ಮತ್ತೊಂದು ಹಳೆಯ ಕಟ್ಟಡದ ಎದುರು, ಸಾರ್ವಜನಿಕ ರಸ್ತೆಯಲ್ಲಿ ನಿಂತಿದ್ದರೂ, ಚಿತ್ರ ತೆಗೆಯಬಾರದೆಂದು ಕಾವಲಿನವರು ತಡೆದರು. ಯಾವ ನಿಯಮವೆಂದು ಕೇಳಿದರೆ ಅವರಿಗೂ ತಿಳಿದಿರಲಿಲ್ಲ. ಅದನ್ನು ತಿಳಿಸುವ ಫಲಕವೂ ಇರಲಿಲ್ಲ.

ಮಾರುಕಟ್ಟೆಯ ಒಳಗಿನ ಅನುಭವವೇ ಬೇರೆ. ಕುಂಕುಮದ ರಾಶಿ, ಮಲ್ಲಿಗೆಯ ಮೊಳ, ವೀಳ್ಯದೆಲೆಯ ಕಟ್ಟುಗಳ ನಡುವೆ ಚಿತ್ರ ತೆಗೆಯಲು ಕೇಳಿದಾಗ ಇಲ್ಲ ಎಂದ ಹೂವಿನವರನ್ನು ನಾನು ಕಂಡಿಲ್ಲ. ಮುದುಕನೆಂದು ಸ್ಟೂಲು ಕೊಟ್ಟು ಕೂರಿಸಿದವರಿದ್ದಾರೆ. ಆದ್ದರಿಂದ ನಡೆಯುವವರಿಗೆ ಜಾಗ ಬೇಕೆಂದು ಕೇಳುವಾಗ ಬೀದಿ ವ್ಯಾಪಾರಿಗಳನ್ನು ಎಬ್ಬಿಸಿರೆಂದು ನಾನು ಕೇಳುತ್ತಿಲ್ಲ. ಹೂವಿನ ಬುಟ್ಟಿ ಇಟ್ಟುಕೊಂಡು ಕುಳಿತವರ ಪಕ್ಕದಲ್ಲಿ ನಡೆಯಬಹುದು, ನಿಲ್ಲಿಸಿದ ಕಾರಿನ ಮೇಲೆ ನಡೆಯಲಾಗದು.

ನನ್ನ ಕೋರಿಕೆ ಇಷ್ಟು. ಪುರಭವನದಿಂದ ಜಗನ್ಮೋಹನ ಅರಮನೆಯವರೆಗಿನ ದಾರಿಯ ಪಾದಚಾರಿ ಮಾರ್ಗವನ್ನು ಮೊದಲು ಸರಿಪಡಿಸಿ, ಅಲ್ಲಿ ವಾಹನ ನಿಲ್ಲಿಸದಂತೆ ವರ್ಷವಿಡೀ ನೋಡಿಕೊಳ್ಳಬೇಕು. ಕೆ.ಆರ್. ವೃತ್ತದಿಂದ ಆಯುರ್ವೇದ ಆಸ್ಪತ್ರೆಯ ವೃತ್ತದವರೆಗಿನ ಸಯ್ಯಾಜಿರಾವ್ ರಸ್ತೆಯನ್ನು ಭಾನುವಾರ ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ನಡೆಯುವವರಿಗೆ ಬಿಟ್ಟುಕೊಡಬೇಕು. ಮಾರುಕಟ್ಟೆಗೆ ಸರಕು ತರುವ ಗಾಡಿಗಳಿಗೂ ಆಸ್ಪತ್ರೆಗೆ ಹೋಗುವವರಿಗೂ ಅಡ್ಡಿಯಾಗದಂತೆ ಹೊತ್ತನ್ನೂ ದಾರಿಯನ್ನೂ ಗೊತ್ತುಮಾಡಲು ಅಲ್ಲಿನ ವರ್ತಕರನ್ನೂ ಆಟೋ ಚಾಲಕರನ್ನೂ ಕೂರಿಸಿಕೊಂಡೇ ಮಾತನಾಡಬೇಕು. ದಸರಾ ದಿನಗಳಲ್ಲಿ ದೇವರಾಜ ಅರಸು ರಸ್ತೆಯನ್ನು ಜನರಿಗೆ ಬಿಟ್ಟು ಬೀದಿ ಉತ್ಸವ ನಡೆಸಿದ ಊರಿಗೆ ಇದು ಅಸಾಧ್ಯವಲ್ಲ.

ನಮ್ಮ ಊರಿನ ಹಳೆಯ ಅಂಗಡಿ ಸಾಲಾದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜೀವಹಾನಿಯಾಯಿತು. 2016ರಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ದ್ವಾರ ಬಿದ್ದಿತು. ಇವೆರಡನ್ನೂ ಉಳಿಸಬೇಕೋ ಕೆಡವಿ ಕಟ್ಟಬೇಕೋ ಎಂಬ ವಾದ ನ್ಯಾಯಾಲಯದವರೆಗೂ ಹೋಗಿದೆ. ನನ್ನ ಆಸೆ ಉಳಿಸಬೇಕೆಂಬುದೇ. ನಾವು ಬಂದ ಮರುವರ್ಷ ಬೊಲೋನ್ಯಾದಲ್ಲಿ, 48 ಮೀಟರ್ ಎತ್ತರದ ವಾಲಿದ ಗಾರಿಸೆಂಡಾ ಗೋಪುರ ಅಪಾಯದಲ್ಲಿದೆಯೆಂದು ತಿಳಿದಾಗ ಸುತ್ತಲಿನ ಜಾಗಕ್ಕೆ ಬೇಲಿ ಹಾಕಿ, ಅದನ್ನು ಬಲಪಡಿಸುವ ಕೆಲಸಕ್ಕೆ ಕೈಹಾಕಿದರು. ನಮ್ಮಲ್ಲಿ ತೀರ್ಮಾನ ಯಾವ ಕಡೆಗೇ ಆಗಲಿ, ಅಂಗಡಿಗಳ ಮುಂದೆ ಸೂರಿನಡಿಯ ನಡೆದಾಡುವ ಜಾಗವನ್ನು ನಕ್ಷೆಯಲ್ಲೇ ಕಾದಿರಿಸಬೇಕು, ಅದನ್ನು ಅಂಗಡಿಯ ಸಾಮಾನಿಗಾಗಲಿ ವಾಹನಕ್ಕಾಗಲಿ ಬಿಡಬಾರದು.

ಈ ದಾರಿಯುದ್ದಕ್ಕೂ ಪಾದಚಾರಿ ಮಾರ್ಗದ ಅಗಲವನ್ನು ನಾನೇ ಟೇಪು ಹಿಡಿದು ಅಳೆದು ಬರೆದಿಟ್ಟಿದ್ದೇನೆ. ಇದೇ ಜಾಗಗಳಲ್ಲಿ 1980ರ ದಶಕದಲ್ಲಿ ತೆಗೆದ ಕಪ್ಪುಬಿಳುಪು ಚಿತ್ರಗಳೂ ನನ್ನ ಬಳಿ ಇವೆ. ಪಾಲಿಕೆಯವರು ಸಭೆ ಕರೆದರೆ ಎರಡನ್ನೂ ತಂದು ತೋರಿಸಲು ಸಿದ್ಧನಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಚಿತ್ರಕಲಾ ಶಿಕ್ಷಕ,
ಸರಸ್ವತಿಪುರಂ, ಮೈಸೂರು